ಮೂರು ಗೇಟಿನ ಡ್ಯಾಮು

ಕಳೆದ ಭಾನುವಾರ ಮಧ್ಯಾಹ್ನ ನನ್ನ ಹನ್ನೊಂದು ಗಿಡ್ಡರು ನೀರಲ್ಲಿ ಮುಳುಗಿ ಸತ್ತರು. ತಪ್ಪು ಪೂರ್ತಿ ನನ್ನದೇ.

ಗಾಬರಿ ಬೇಡ, ಇದು ಕಂಪ್ಯೂಟರ್ ಆಟ. ಹೆಸರು ಡ್ವಾರ್ಫ್ ಫೋರ್ಟ್ರೆಸ್. ಅಮೆರಿಕದ ಅಣ್ಣ ತಮ್ಮ ಇಬ್ಬರು ಸೇರಿ ಮಾಡಿ 2006ರಲ್ಲಿ ಹೊರಗೆ ಬಿಟ್ಟಿದ್ದು. ಗುಡ್ಡ ಕೊರೆದು, ಗಡ್ಡದ ಗಿಡ್ಡ ಮಂದಿಗೆ ಊರು ಕಟ್ಟಿಕೊಡಬೇಕು. ಸೋಲೋದೇ ಇಲ್ಲಿ ಮಜಾ ಅಂತ ಆಡುವವರೇ ಹೇಳುತ್ತಾರೆ. ನನಗಂತೂ ಮಜಾಕ್ಕೆ ಕೊರತೆ ಆಗಿಲ್ಲ.

ನಾನು ಊರಿಗೆ ಕುಡಿಯೋ ನೀರಿನ ಹೊಂಡ ತೋಡಿದ್ದೆ. ಪಕ್ಕದಲ್ಲಿ ಹೊಳೆ, ನಡುವೆ ಕಾಲುವೆ, ಕಾಲುವೆಗೊಂದು ಗೇಟು. ಈ ಆಟದಲ್ಲಿ ಒಂದೊಂದು ಚೌಕದ ನೀರಿಗೂ ಒಂದರಿಂದ ಏಳರವರೆಗೆ ಅಳತೆ ಇದೆ. ಏಳು ಅಂದರೆ ಕಂಠಪೂರ್ತಿ. ಹೊಂಡದ ತಳದಲ್ಲಿ ಪ್ರೆಷರ್ ಪ್ಲೇಟ್, ಅಂದರೆ ಮೇಲಿರೋ ನೀರಿನ ಅಳತೆ ನೋಡಿ ಸುದ್ದಿ ಕಳಿಸೋ ಹಲಗೆ, ಇಟ್ಟು ಗೇಟಿಗೆ ಜೋಡಿಸಿದೆ. ನೀರು ಮೂರರೊಳಗಿದ್ದರೆ ಗೇಟು ತೆಗಿ, ನಾಲ್ಕಾದರೆ ಮುಚ್ಚು. ಇಷ್ಟೇ ಲೆಕ್ಕ.

ಆದರೆ ಗೇಟು ಹೇಳಿದ ಕೂಡಲೇ ಕೇಳಲ್ಲ. ಪ್ಲೇಟು ಸುದ್ದಿ ಕೊಡೋದಕ್ಕೇ ತಡ. ಸುದ್ದಿ ಮುಟ್ಟಿದ ಮೇಲೂ ಗೇಟಿಗೆ ಆಟದ ಗಡಿಯಾರದ 100 ಟಿಕ್ ಬೇಕು. ಹೊಳೆ ಅಷ್ಟೊತ್ತು ಕಾಯುತ್ತದಾ? ಮೂರು, ನಾಲ್ಕು, ಆರು, ಏಳು. ಹೊಂಡ ಉಕ್ಕಿ ಗಿಡ್ಡರು ಮಲಗೋ ಕೋಣೆಗೇ ನುಗ್ಗಿತು.

ಎರಡನೇ ಸಲ ಹುಷಾರಾದೆ. ಎರಡಕ್ಕೇ ಮುಚ್ಚು ಅಂದೆ. ಈಗ ಬೇರೆ ಕಾಟ. ನೀರು ಒಂದು ಕಡೆ ನಿಲ್ಲದೆ ಅತ್ತಿತ್ತ ಅಲ್ಲಾಡುತ್ತದೆ. ಪ್ಲೇಟಿನ ಮೇಲೆ ಒಮ್ಮೆ ಎರಡು, ಒಮ್ಮೆ ಒಂದು. ಗೇಟು ತೆಗಿ, ಮುಚ್ಚು, ತೆಗಿ, ಮುಚ್ಚು. ಮದುವೆ ಮನೆ ಬಾಗಿಲಿಗೂ ಅಷ್ಟು ಕೆಲಸ ಇರಲ್ಲ.

ಇದಕ್ಕೆ ಮದ್ದು ಅಂದರೆ ಎರಡು ಗುರುತು ಇಡೋದು. ಕೆಳಗಿನ ಗುರುತಿಗೆ ಶುರು, ಮೇಲಿನ ಗುರುತಿಗೆ ಬಂದ್, ನಡುವೆ ಇದ್ದಾಗ ಹಿಂದೆ ಹೇಳಿದ್ದನ್ನೇ ನೆನಪಿಟ್ಟುಕೊಂಡಿರು. ಎಲೆಕ್ಟ್ರಾನಿಕ್ಸ್‌ನವರು ಇದಕ್ಕೆ ಲ್ಯಾಚ್ ಅಂತಾರೆ. ನಮ್ಮವ್ವ ಯಾವ ಹೆಸರೂ ಇಡದೆ ಮೂವತ್ತು ವರ್ಷದಿಂದ ಇದನ್ನೇ ಮಾಡುತ್ತಾಳೆ. ಬಚ್ಚಲ ನಲ್ಲಿ ಗುರ್ ಅಂದರೆ ಮೋಟಾರ್ ಹಾಕು, ಮಾಳಿಗೆಯಿಂದ ನೀರು ಬಿದ್ದ ಸದ್ದಾದರೆ ಬಂದ್ ಮಾಡು. ಕರೆಂಟೂ ಇರಬೇಕು, ಸಂಪಿನಲ್ಲಿ ನೀರೂ ಇರಬೇಕು. ಎರಡೂ ಇದ್ದರೆ ಮಾತ್ರ ಕೆಲಸ ಅನ್ನೋ ಇದಕ್ಕೆ ಎಲೆಕ್ಟ್ರಾನಿಕ್ಸ್‌ನವರ ಹೆಸರು ಆಂಡ್ ಗೇಟು. ಎರಡೂ ಒಟ್ಟಿಗೆ ಇರೋ ದಿನ ನಮ್ಮ ಮನೇಲಿ ಹಬ್ಬ.

ಆಟದಲ್ಲಿ ಆ ನೆನಪಿಗೂ ನೀರೇ ಬೇಕು. ಸಣ್ಣದೊಂದು ತೊಟ್ಟಿ ಕಟ್ಟಿ, ಅದರಲ್ಲಿ ನೀರಿದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ ಅಂತ ಲೆಕ್ಕ ಹಿಡಿಯಬೇಕು. ಅಂದರೆ ನೀರನ್ನು ಕಾಯೋಕೆ ಇನ್ನೊಂದಿಷ್ಟು ನೀರು. ಆ ತೊಟ್ಟಿಗೆ ಎರಡು ಗೇಟು. ಆ ಗೇಟುಗಳನ್ನು ಯಾರು ಕಾಯಬೇಕು ಅಂತ ತಲೆ ಕೆರೆದುಕೊಳ್ಳುತ್ತಾ ಕೂತಿದ್ದಾಗ ಕಾಕಾ ಒಳಗೆ ಬಂದರು.

"ಏನೋ ಇದು?"

"ಗೇಟ್ ಕೂಡಸಾಕತ್ತೀನಿ ಕಾಕಾ. ನೀರಿನ ಮಟ್ಟ ನೋಡ್ಕೊಳ್ಳಾಕ."

ಕಾಕಾ ಕನ್ನಡಕ ಹಾಕಿಕೊಂಡು ಕುರ್ಚಿ ಎಳೆದುಕೊಂಡರು. "ಎಷ್ಟ ಗೇಟು?"

"ಮೂರು."

"ಆಲಮಟ್ಟಿಗೆ ಇಪ್ಪತ್ತಾರು ಅದಾವ. ಇರ್ಲಿ. ಎಷ್ಟ ಮೀಟರಿಗೆ ನಿಂದರಿಸೀದಿ?"

ಬಾಗಲಕೋಟೆಯವರಿಗೆ ಈ ಪ್ರಶ್ನೆ ಹುಟ್ಟಿನಿಂದಲೇ ಬಂದಿರುತ್ತದೆ. ಚಹಾದಂಗಡಿಯಲ್ಲಿ ಕೂತವರೂ ನೀರಿನ ಮಾತು ಬಂದರೆ ಮೀಟರ್‌ನಲ್ಲೇ ಮಾತಾಡೋದು. ಆಲಮಟ್ಟಿ ಡ್ಯಾಮಿನಲ್ಲಿ ಈಗ ನೀರು ನಿಲ್ಲಿಸೋದು 519.60ಕ್ಕೆ, ಏರಿಸಬೇಕು ಅಂತಿರೋದು 524.256ಕ್ಕೆ. ಪಾಯಿಂಟಿನ ಮುಂದಿನ ಮೂರು ಅಂಕಿಯೂ ಬಾಯಿಪಾಠ. ಕಾಕಾನ ಹಳೇ ಊರಿನ ಮನೆ ಹಿನ್ನೀರಿಗೆ ಹೋಗಿದೆ. ಮನೆ ಮುಳುಗಿದವರಿಗೆ ಅಂತ ಕಟ್ಟಿದ ನವನಗರದ ಸೆಕ್ಟರ್ ನಂಬರು ಹೇಳುವಾಗ ಈಗಲೂ ಅವರ ದನಿ ಸ್ವಲ್ಪ ಕೆಳಗಿಳಿಯುತ್ತದೆ.

"ಏಳಕ್ಕ ಹೋಗ್ಬಿಡ್ತು ಕಾಕಾ. ಹನ್ನೊಂದು ಮಂದಿ ಮುಳುಗಿದ್ರು."

"ನೋಟಿಸ್ ಕೊಟ್ಟಿದ್ದೇನು ಅವರಿಗೆ?"

"ಇಲ್ಲ."

"ಸರ್ವೇ?"

"ಕಾಕಾ, ಇದು ಆಟ ರೀ."

"ನಮಗೂ ಹಂಗ ಅನ್ಸಿತ್ತು. ಮೊದಲ ಗುಡ್ಡದ ಮ್ಯಾಲ ಊರು ಕಟ್ಟೋ, ಆಮ್ಯಾಲೆ ನಿನ್ನ ಗೇಟು. ಹನ್ನೊಂದು ಮನಿ ಅಂದ್ರ ಹನ್ನೊಂದು ಸೈಟು. ಕಾರ್ನರ್ ಸೈಟು ಯಾರಿಗೆ ಅನ್ನೋದು ಈಗ ಬರದಿಡು, ಇಲ್ಲಾಂದ್ರ ಜಗಳ ಆಕ್ಕಾವ."

ಇದರ ಮುಂದೆ ನನ್ನ ಲ್ಯಾಚ್ ಏನು ಮಾಡುತ್ತೆ? ಹಳೇ ಸೇವ್ ತೆಗೆದು ಸತ್ತವರನ್ನು ಬದುಕಿಸಿದೆ. ಇಬ್ಬರೂ ಕೂತು ಗುಡ್ಡದ ಮೇಲ್ಭಾಗ ಕೊರೆಯತೊಡಗಿದೆವು. ಕಾಕಾ ಬೆರಳಿಟ್ಟು ತೋರಿಸಿದಲ್ಲಿ ರಸ್ತೆ. ರಸ್ತೆ ಅಗಲ ಸಾಲದು ಅಂತ ಎರಡು ಸಲ ಅಳಿಸಿದರು. ಗುಡಿಗೆ ಜಾಗ ಬಿಡಿಸಿದರು. ಸಂತೆಗೂ ಬಿಡಿಸಿದರು. ಗಿಡ್ಡರಿಗೆ ಯಾಕೆ ಬೇಕೋ ಗೊತ್ತಿಲ್ಲ, ಬಸ್‌ಸ್ಟ್ಯಾಂಡಿಗೂ ಬಿಡಿಸಿದರು.

ಏಳನೇ ಮನೆಗೆ ಬಂದಾಗ ಮಾಳಿಗೆಯಿಂದ ದಬದಬ ಸದ್ದು. ನನಗೆ ಕೇಳಿಸಿತು. ಕಾಕಾಗೂ ಕೇಳಿಸಿತು. ಇಬ್ಬರೂ ಎಂಟನೇ ಮನೆಗೆ ಹೋದೆವು. ಅವ್ವ ಅವತ್ತು ಊರಲ್ಲಿದ್ದಳು, ಮನೆಯಲ್ಲಿರಲಿಲ್ಲ. ಅರಿಷಿಣ ಕುಂಕುಮಕ್ಕೆ ಅಂತ ಆಚೆ ಓಣಿಗೆ ಹೋಗಿದ್ದಳು. ಹೋಗುವಾಗ ಮೋಟಾರ್ ಹಾಕಿ, "ಸದ್ದಾದ್ರ ಬಂದ್ ಮಾಡು" ಅಂತ ಎರಡು ಸಲ ಹೇಳಿದ್ದಳು. ಮಾಳಿಗೆ ಮೇಲೆ ಪಂಜಿ ಹಾಸಿ ಎರಡು ಸೇರಿನ ಅಕ್ಕಿ ಸಂಡಿಗೆ ಒಣಗಿಸಿದ್ದನ್ನೂ ಹೇಳಿದ್ದಳು.

ವಾಪಸ್ ಬಂದವಳು ಮೆಟ್ಟಿಲಲ್ಲೇ ತೇಲಿ ಬಂದ ಒಂದು ಸಂಡಿಗೆ ಎತ್ತಿಕೊಂಡು ಬಾಗಿಲಲ್ಲಿ ನಿಂತಳು. ಮೆತ್ತಗಾಗಿ ಬೆರಳಿಗೆ ಅಂಟಿಕೊಂಡಿತ್ತು. ನಾನು ಸ್ಕ್ರೀನ್ ಹಿಂದೆ ಮುಖ ಇಟ್ಟೆ.

ಕಾಕಾ ಮಾತ್ರ ಕನ್ನಡಕ ತೆಗೆದು, ಅನುಭವಸ್ಥರ ದನಿಯಲ್ಲಿ ಹೇಳಿದರು: "ವೈನಿ, ಪರಿಹಾರಕ್ಕ ಒಂದ್ ಅರ್ಜಿ ಬರೀರಿ. ಜೆರಾಕ್ಸ್ ಮಾತ್ರ ಮೂರು ಇಟ್ಕೋರಿ."