ಪೆಟ್ಟಿಗೆಯೊಳಗೆ ಎಂತ ಉಂಟು?

ನಮ್ಮ ಮನೆಯಲ್ಲಿ ಕಾಯಿ ತುರಿಯದೆ ಇವತ್ತಿಗೆ ಹದಿನೆಂಟು ದಿನ.

ಉಡುಪಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಳಿಗ್ಗೆ ಚಟ್ನಿಗೆ ಕಾಯಿ, ಮಧ್ಯಾಹ್ನ ಹುಳಿಗೆ ಕಾಯಿ, ಪಲ್ಯದ ಮೇಲೆ ಉದುರಿಸಲು ಕಾಯಿ, ತರಕಾರಿ ಏನೂ ಇಲ್ಲದ ದಿನ ತಂಬುಳಿಗಾದರೂ ಕಾಯಿ. ಹೊಸ ಮನೆಯ ಹಿತ್ತಲಲ್ಲಿ ಮೂರು ತೆಂಗಿನ ಮರ ಉಂಟು. ರಾತ್ರಿ ಹೊತ್ತು ಧಡ್ ಎಂದು ಬಿದ್ದು ನಮ್ಮನ್ನು ಎಬ್ಬಿಸುವಷ್ಟು ಕಾಯಿ ಉಂಟು. ಒಡೆಯಲು ಕತ್ತಿ ಉಂಟು. ತುರಿಯಲು ಹೆರೆಮಣೆ ಮಾತ್ರ ಇಲ್ಲ.

ಇಲ್ಲ ಅಂದರೆ ಕಳೆದುಹೋಗಿಲ್ಲ, ಪೆಟ್ಟಿಗೆಯೊಳಗೆ ಉಂಟು. ಯಾವ ಪೆಟ್ಟಿಗೆ ಅಂತ ಕೇಳಿದರೆ ನಮ್ಮವರು ಪೇಪರಿನಿಂದ ತಲೆ ಎತ್ತದೆ, "ಇಲ್ಲೇ ಎಲ್ಲೋ ಉಂಟು, ಮನೆ ಬಿಟ್ಟು ಎಲ್ಲಿಗೆ ಹೋಗ್ತದೆ?" ಅನ್ನುತ್ತಾರೆ. ಇವತ್ತು ಬೆಳಿಗ್ಗೆಯೂ ಅದನ್ನೇ ಹೇಳಿದರು. ಬಾಯಿಗೆ ಬಂದದ್ದನ್ನು ಹೇಳಿದರೆ ಪಕ್ಕದ ಮನೆಗೆ ಕೇಳುತ್ತದೆ, ಅದಕ್ಕೇ ಬರೆಯಲು ಕೂತೆ.

ಮಣಿಪಾಲದ ಫ್ಲಾಟಿನಿಂದ ಪರ್ಕಳದ ಹತ್ತಿರದ ಈ ಮನೆಗೆ ನಾಲ್ಕು ಕಿಲೋಮೀಟರ್ ದೂರ ಅಷ್ಟೆ. ಒಕ್ಕಲು, ಅಂದರೆ ಗೃಹಪ್ರವೇಶ, ಮೇ ತಿಂಗಳಲ್ಲೇ ಮುಗಿದಿತ್ತು. ಬೆಳಿಗ್ಗೆ 6.12ರ ವೃಷಭ ಲಗ್ನದಲ್ಲಿ ಹಾಲುಕ್ಕಿಸಿ, ನೂರೈವತ್ತು ಜನಕ್ಕೆ ಊಟ ಹಾಕಿ, ಸಂಜೆ ಬೀಗ ಹಾಕಿಕೊಂಡು ಫ್ಲಾಟಿಗೆ ವಾಪಸ್ ಬಂದಿದ್ದೆವು. ಯಾಕೆಂದರೆ ಅಡಿಗೆ ಮನೆಯ ಕಪಾಟು ಆಗಿರಲಿಲ್ಲ. ಆಚಾರಿಯವರು "ಮುಂದಿನ ವಾರ" ಅಂದಿದ್ದರು. ಅವರ ಕ್ಯಾಲೆಂಡರಿನಲ್ಲಿ ವಾರಕ್ಕೆ ಎಷ್ಟು ದಿನವೋ ದೇವರಿಗೇ ಗೊತ್ತು. ಅತ್ತೆ ಫೋನ್ ಮಾಡಿ, "ಆಟಿ ಶುರುವಾಗುವ ಮೊದಲು ಹೋಗಿ ಸೇರಿಕೊಳ್ಳಿ ಮಾರಾಯ್ತಿ, ಕಪಾಟು ಆಮೇಲೆ ಬರಲಿ" ಅಂದರು. ಆಟಿ ಅಂದರೆ ನಮ್ಮ ಕಡೆ ಶುಭ ಕೆಲಸ ಮಾಡದ ಮಳೆಗಾಲದ ತಿಂಗಳು. ಹಾಗಾಗಿ ಜೂನ್ ಎರಡನೇ ಭಾನುವಾರ ಹೊರಟೆವು. ವರ್ಷಕ್ಕೆ 4000 ಮಿಲಿಮೀಟರ್ ಮಳೆ ಸುರಿಯುವ ಊರಿನಲ್ಲಿ, ಎಂಟು ತಿಂಗಳು ಒಣ ಇರುವಾಗ ಸುಮ್ನೆ ಕೂತು, ಮಳೆ ಶುರುವಾದ ಮೇಲೆ ರಟ್ಟಿನ ಪೆಟ್ಟಿಗೆ ಕಟ್ಟಿಕೊಂಡು ಹೊರಟ ಬುದ್ಧಿವಂತರು ನಾವೇ ಇರಬೇಕು.

ಈಗ ಪೆಟ್ಟಿಗೆಯ ವಿಷಯ.

ನಮ್ಮವರಿಗೆ ಕುಡಿತ, ಸಿಗರೇಟು, ಇಸ್ಪೀಟು ಯಾವುದೂ ಇಲ್ಲ. ಮದುವೆಗೆ ಮೊದಲು ನಮ್ಮ ಅಪ್ಪ ಇದನ್ನೆಲ್ಲ ವಿಚಾರಿಸಿದ್ದರು. ಖಾಲಿ ಪೆಟ್ಟಿಗೆಯ ಬಗ್ಗೆ ಕೇಳಬೇಕು ಅಂತ ಅಪ್ಪನಿಗೆ ಹೊಳೆದಿರಲಿಲ್ಲ. ಮನೆಗೆ ಯಾವ ಸಾಮಾನು ಬಂದರೂ ಇವರು ಅದರ ಪೆಟ್ಟಿಗೆಯನ್ನು ಬಿಸಾಡುವುದಿಲ್ಲ. ಟೇಪನ್ನು ಬ್ಲೇಡಿನಿಂದ ಮೆಲ್ಲ ಕೊಯ್ದು, ಸಾಮಾನು ಹೊರತೆಗೆದು, ಥರ್ಮಾಕೋಲನ್ನು ಇದ್ದ ಹಾಗೆಯೇ ಒಳಗೆ ಕೂರಿಸಿ, ಆ ಚಿಕ್ಕ ಸಿಲಿಕಾ ಪೊಟ್ಟಣವನ್ನೂ ವಾಪಸ್ ಹಾಕಿ ಮುಚ್ಚುತ್ತಾರೆ. ಹೆರಿಗೆ ಮಾಡಿಸುವ ಡಾಕ್ಟರಿಗೂ ಇಷ್ಟು ಜಾಗ್ರತೆ ಇರಲಿಕ್ಕಿಲ್ಲ. ಯಾಕೆ ಅಂತ ಕೇಳಿದರೆ, "ವಾರಂಟಿ ಉಂಟಲ್ಲ." ಮಿಕ್ಸಿಯ ವಾರಂಟಿ ಮುಗಿದು ಎರಡು ವರ್ಷ ಆಯಿತು ಅಂದರೆ, "ಮಾರುವಾಗ ಪೆಟ್ಟಿಗೆ ಇದ್ದರೆ ರೇಟ್ ಬರ್ತದೆ." ಮದುವೆಯಾಗಿ ನಾಲ್ಕು ವರ್ಷದಲ್ಲಿ ನಾವು ಒಂದು ಚಮಚವನ್ನೂ ಮಾರಿಲ್ಲ. ಇವರ ಹಳೆಯ ಫೋನು ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವಾಗ ಸೆಲ್ಫಿ ತೆಗೆಯಲು ಹೋಗಿ ಬೋಟಿನಿಂದ ನೀರಿಗೆ ಬಿತ್ತು. ಫೋನು ಅರಬ್ಬಿ ಸಮುದ್ರದ ಅಡಿಯಲ್ಲಿ ಉಂಟು. ಪೆಟ್ಟಿಗೆ ನಮ್ಮ ಕಪಾಟಿನಲ್ಲಿ ಉಂಟು.

ಮನೆ ಬದಲಾಯಿಸುವಾಗಲಾದರೂ ಈ ಪೆಟ್ಟಿಗೆಗಳು ಉಪಯೋಗಕ್ಕೆ ಬಂದಾವು, ಮಿಕ್ಸಿಯನ್ನು ಮಿಕ್ಸಿಯ ಪೆಟ್ಟಿಗೆಗೆ ಹಾಕಿದರಾಯಿತು ಅಂತ ನಾನು ಅಂದುಕೊಂಡಿದ್ದೆ. ಇವರಿಗೆ ಗಾಬರಿಯಾಯಿತು. "ಟೆಂಪೋದಲ್ಲಿ ಹಾಕಿದರೆ ಮೂಲೆ ಜಜ್ಜಿ ಹೋಗ್ತದೆ!" ಮೂಲೆ ಅಂದರೆ ಮಿಕ್ಸಿಯದ್ದಲ್ಲ, ಪೆಟ್ಟಿಗೆಯದ್ದು. ಹಾಗಾಗಿ ಒಳ್ಳೆಯ ಪೆಟ್ಟಿಗೆಗಳು ಖಾಲಿಯಾಗಿಯೇ ಬರುವುದು, ಸಾಮಾನು ತುಂಬಲು ಬೇರೆ ಪೆಟ್ಟಿಗೆ ತರುವುದು ಅಂತ ತೀರ್ಮಾನವಾಯಿತು. ಬೇರೆ ಪೆಟ್ಟಿಗೆ ಎಲ್ಲಿಂದ? ಗಟ್ಟಿ ರಟ್ಟು ಬೇಕೆಂದರೆ ವೈನ್ ಶಾಪಿನದ್ದೇ ಆಗಬೇಕಂತೆ. ಒಂದು ತೊಟ್ಟು ಕುಡಿಯದ ಮನುಷ್ಯ ಎರಡು ಸಂಜೆ ಅಲ್ಲಿ ಸಾಲಿನಲ್ಲಿ ನಿಂತು ಇಪ್ಪತ್ತೆರಡು ಪೆಟ್ಟಿಗೆ ತಂದರು.

ಆಮೇಲೆ ಇವರ ಇಂಜಿನಿಯರ್ ಬುದ್ಧಿ ಎದ್ದು ಕೂತಿತು. ಪೆಟ್ಟಿಗೆಯ ಮೇಲೆ 'ಅಡಿಗೆ ಮನೆ', 'ಬಟ್ಟೆ' ಅಂತ ಬರೆದರೆ ಹಳೇ ಕಾಲದ ಕ್ರಮವಂತೆ. ನಂಬರ್ ಹಾಕಬೇಕು, ಯಾವ ನಂಬರಿನಲ್ಲಿ ಏನು ಅಂತ ಪಟ್ಟಿ ಇಡಬೇಕು. ಸರಿ, 1ರಿಂದ 22ರ ತನಕ ನಂಬರ್ ಬಿತ್ತು. ಪಟ್ಟಿಯೂ ಆಯಿತು, ಚಂದದ ಅಕ್ಷರದಲ್ಲಿ, ಸ್ಕೇಲ್ ಇಟ್ಟು ಗೆರೆ ಎಳೆದು. ಹೊಸ ಮನೆಗೆ ಬಂದ ಸಂಜೆ ಕೇಳಿದೆ.

"ಪಟ್ಟಿ ಎಲ್ಲಿ?"

ಇವರು ಪ್ಯಾಂಟಿನ ಜೇಬು ಮುಟ್ಟಿ ನೋಡಿದರು. ಅಂಗಿಯ ಜೇಬು ಮುಟ್ಟಿ ನೋಡಿದರು. ಆಮೇಲೆ ಸಾಲಾಗಿ ನಿಂತ ಪೆಟ್ಟಿಗೆಗಳ ಕಡೆ ನೋಡಿದರು.

"ಅದೂ ಒಂದು ಪೆಟ್ಟಿಗೆಯಲ್ಲಿ ಉಂಟು."

ಅಷ್ಟರಲ್ಲಿ 'ಪರ್ಮನೆಂಟ್' ಅಂತ ಮೈಮೇಲೆ ಬರೆದುಕೊಂಡಿದ್ದ ಮಾರ್ಕರಿನ ಶಾಯಿ ಪರ್ಕಳದ ಮಳೆಗೆ ಇಳಿದು ಹೋಗಿತ್ತು. 11 ಯಾವುದು, 17 ಯಾವುದು ಅಂತ ಬ್ರಹ್ಮನಿಗೂ ಗೊತ್ತಾಗುವ ಹಾಗಿರಲಿಲ್ಲ.

ಆದರೆ ನಾನು ಸಾಯುವ ತನಕ ಮರೆಯದೆ ಇರುವುದು ಅದನ್ನಲ್ಲ, ವಾಷಿಂಗ್ ಮೆಷಿನ್ನಿನ ಪೆಟ್ಟಿಗೆಯನ್ನು.

ನಮ್ಮದು ನಾಲ್ಕನೇ ಮಹಡಿ. ಲಿಫ್ಟಿನಲ್ಲಿ ಸಾಮಾನು ಸಾಗಿಸಬಾರದು ಅಂತ ಅಸೋಸಿಯೇಶನ್ನಿನವರ ಬೋರ್ಡು. ಟೆಂಪೋದವರ ಜೊತೆ ಮೂವರು ಹುಡುಗರು ಬಂದಿದ್ದರು, ಬಾಗಲಕೋಟೆ ಕಡೆಯವರು. ಅವರಲ್ಲಿ ಗಟ್ಟಿಮುಟ್ಟಾದ ಒಬ್ಬ ಆ ದೊಡ್ಡ ಪೆಟ್ಟಿಗೆಯ ಸುತ್ತ ಒಂದು ಪ್ರದಕ್ಷಿಣೆ ಬಂದ. ಮೇಲೆ ಬರೆದ 'ಏಳು ಕೆಜಿ' ಓದಿದ. ಬೈರಾಸು ಕೊಡವಿ ತಲೆಗೆ ಸುತ್ತಿಕೊಂಡ. ಕಾಲು ಅಗಲ ಮಾಡಿ ನಿಂತ. ಉಸಿರು ಎಳೆದು, "ಹೋ ಹನುಮಪ್ಪಾ" ಅಂತ ಎತ್ತಿದ.

ಪೆಟ್ಟಿಗೆ ಅವನ ತಲೆಯನ್ನೂ ದಾಟಿ ಹಿಂದಕ್ಕೆ ಹಾರಿತು. ಅವನೂ ಅದರ ಜೊತೆ ಹಿಂದಕ್ಕೆ ಹೋಗಿ ಸುತ್ತಿಟ್ಟ ಹಾಸಿಗೆಯ ಮೇಲೆ ಕೂತ. ಪುಣ್ಯಕ್ಕೆ ಹಾಸಿಗೆ ಇನ್ನೂ ಕೆಳಗೆ ಹೋಗಿರಲಿಲ್ಲ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

"ಅಣ್ಣಾರ, ಇದರಾಗ ಏನೂ ಇಲ್ರೀ!"

"ಉಂಟು ಮಾರಾಯ," ಅಂದರು ಇವರು, ಮರ್ಯಾದೆ ಬಿಡದೆ. "ಥರ್ಮಾಕೋಲ್ ಉಂಟು."

"ಮತ್ತ ಮಷಿನ್ನು?"

"ಅದು ಆಗಲೇ ಹೋಯ್ತಲ್ಲ. ಬೆಡ್‌ಶೀಟ್ ಸುತ್ತಿ ಕಳಿಸಿದೆವು."

ಹುಡುಗ ಇವರನ್ನು ನೋಡಿದ, ನನ್ನನ್ನು ನೋಡಿದ. ನಾನು ಕಿಟಕಿಯ ಹೊರಗೆ ನೋಡಿದೆ. ಆಮೇಲೆ ಅವನು ಎಲ್ಲ ಪೆಟ್ಟಿಗೆಗಳನ್ನೂ ಮೊದಲು ಕಾಲಿನಿಂದ ಮೆಲ್ಲ ದೂಡಿ ನೋಡತೊಡಗಿದ. ಟಿವಿಯದ್ದು ಖಾಲಿ. ಗ್ರೈಂಡರಿನದ್ದು ಖಾಲಿ. ಟೇಬಲ್ ಫ್ಯಾನಿನದ್ದು ಖಾಲಿ. ಇಸ್ತ್ರಿ ಪೆಟ್ಟಿಗೆಯ ಪೆಟ್ಟಿಗೆ ಖಾಲಿ. ಒಟ್ಟು ಹತ್ತೊಂಬತ್ತು. ಪ್ರತಿ ಸಲವೂ ಮೆಟ್ಟಿಲಿನಿಂದ ಅವನ ದನಿ ಮೇಲೆ ಬರುತ್ತಿತ್ತು: "ಥರ್ಮಾಕೋಲ್ ಹೊಂಟೈತಿ, ದಾರಿ ಬಿಡ್ರೋ!" ಮೂರನೇ ಮಹಡಿಯವರು ಬಾಗಿಲು ತೆರೆದು ನೋಡಿದರು. ಥರ್ಮಾಕೋಲಿಗಾಗಿಯೇ ಟೆಂಪೋ ಎರಡನೇ ಟ್ರಿಪ್ ಹೊಡೆಯಿತು. ಅದರ ಬಾಡಿಗೆಯಲ್ಲಿ ಹೊಸ ಮಿಕ್ಸಿ ಬರುತ್ತಿರಲಿಲ್ಲ, ಒಪ್ಪುತ್ತೇನೆ. ಜಾರ್ ಬರುತ್ತಿತ್ತು.

ಮಧ್ಯಾಹ್ನ ಊಟಕ್ಕೆ ಎದುರು ಫ್ಲಾಟಿನ ಮಾಮಿ ಪತ್ರೊಡೆ ಕೊಟ್ಟರು. ಪಾತ್ರೆ ಎಲ್ಲ ಟೆಂಪೋದಲ್ಲಿ. ನೆಲದ ಮೇಲೆ ಪೇಪರ್ ಹಾಸಿ, ಆ ಹುಡುಗರ ಜೊತೆಯೇ ಕೂತು ತಿಂದೆವು. ಹಾಗೆ ಬಿಸಿ ಬಿಸಿ ಪತ್ರೊಡೆ ತಿಂದದ್ದೇ ಕೊನೆ, ಆಮೇಲೆ ಕಾಯಿಯ ರುಚಿ ಕಂಡಿಲ್ಲ.

ಹೊಸ ಮನೆಯಲ್ಲಿ ನಮ್ಮ ಪ್ರವೇಶ ಭರ್ಜರಿಯಾಗಿಯೇ ಆಯಿತು. ಪಕ್ಕದ ಮನೆಯವರು ನಿವೃತ್ತ ಮಾಷ್ಟ್ರು. ಕೆಂಪುಕಲ್ಲಿನ ಕಂಪೌಂಡಿನ ಆಚೆ ಕೊಡೆ ಹಿಡಿದು ನಿಂತಿದ್ದರು. ಅವರ ಕಣ್ಣೆದುರಿಗೆ ಟೆಂಪೋದಿಂದ ಒಂದರ ಹಿಂದೆ ಒಂದು ವಿಸ್ಕಿ, ಬ್ರಾಂದಿ, ಬಿಯರಿನ ಪೆಟ್ಟಿಗೆಗಳು ಇಳಿದವು. ದೇವರ ಫೋಟೋ ಇದ್ದದ್ದು ರಮ್ಮಿನ ಪೆಟ್ಟಿಗೆಯಲ್ಲಿ. ಮೊದಲು ದೇವರು ಒಳಗೆ ಹೋಗಲಿ ಅಂತ ನಾನೇ ಅದನ್ನು ಎದೆಗೆ ಅಪ್ಪಿಕೊಂಡು, ಬಲಗಾಲು ಇಟ್ಟು ಒಳಗೆ ಹೋದೆ. ಮಾಷ್ಟ್ರು ಕೆಮ್ಮಿದರು. "ನಮ್ಮದು ಸ್ವಲ್ಪ ಶಾಂತ ಏರಿಯಾ ಮಾರಾಯ್ರೆ" ಅಂದರು. ಇವತ್ತಿಗೂ ಅವರ ಮನೆಯವರು ನನ್ನ ಹತ್ತಿರ ಮಾತಾಡುವಾಗ ಒಂದು ಮಾರು ದೂರ ನಿಲ್ಲುತ್ತಾರೆ.

ಇನ್ನು ಬೇರೆ ಸುಖಗಳು ಉಂಟು. ಬಚ್ಚಲಲ್ಲಿ ದಿನಕ್ಕೆ ಐದಾರು ಚೋರಟೆ, ಆ ಸಾವಿರ ಕಾಲಿನ ಹುಳ. ಬೆಳಗಿನ ಜಾವ ನವಿಲಿನ ಕೂಗು, ಕೇಳಲು ಚಂದ ಅಂತ ಹೇಳುವವರು ಯಾರೂ ಅದರ ಪಕ್ಕ ಮಲಗಿದವರಲ್ಲ. ಪಾರ್ಸೆಲ್ ತರುವ ಹುಡುಗನಿಗೆ "ನಾಗಬನದಿಂದ ಎಡಕ್ಕೆ" ಅಂದರೆ ಅವನು "ಮೇಡಂ, ಇಲ್ಲಿ ಎರಡು ನಾಗಬನ ಉಂಟು" ಅನ್ನುತ್ತಾನೆ.

ಹತ್ತೊಂಬತ್ತು ಖಾಲಿ ಪೆಟ್ಟಿಗೆಗಳಿಗೆ ಅಟ್ಟ ಸಿಕ್ಕಿತು. ಉಪ್ಪಿನಕಾಯಿ ಭರಣಿ, ಹಪ್ಪಳದ ಡಬ್ಬ ಇಡಲು ಅಂತ ನಾನು ಹೇಳಿ ಮಾಡಿಸಿದ ಅಟ್ಟ. ತುಂಬಿದ ಇಪ್ಪತ್ತೆರಡು ಪೆಟ್ಟಿಗೆಗಳನ್ನು ಒಂದೊಂದಾಗಿ ಬಿಚ್ಚಿದೆ. ಪಟ್ಟಿ ಸಿಕ್ಕಿತು, ಚಪ್ಪಲಿಗಳ ಜೊತೆ, ಬೂಸ್ಟು ಹಿಡಿದು. 'ಹೆರೆಮಣೆ' ಅಂತ ಅದರಲ್ಲಿ ಇರಲೇ ಇಲ್ಲ. "ಇತರೆ ಅಂತ ಬರೆದಿದ್ದೇನಲ್ಲ, ಅದರಲ್ಲಿ ಬರ್ತದೆ" ಅಂದರು ಇವರು. ಇತರೆ ಐದು ಪೆಟ್ಟಿಗೆ.

ಅದು ಇತರೆ ಅಲ್ಲ. ಅಮ್ಮನ ಮನೆಯಿಂದ ಬಂದದ್ದು, ಹಲಸಿನ ಮರದ್ದು. ಕೂತು ಕೂತು ಮಣೆಯ ನಡು ನುಣ್ಣಗೆ ಹೊಳೆಯುತ್ತದೆ. ಹಲ್ಲಿನಲ್ಲಿ ಎಡಗಡೆಯ ಎರಡು ಸ್ವಲ್ಪ ಬಗ್ಗಿವೆ, ನಾನು ಏಳನೇ ಕ್ಲಾಸಿನಲ್ಲಿ ಅದರ ಮೇಲೆ ಅಡಿಕೆ ಒಡೆಯಲು ಹೋಗಿದ್ದಕ್ಕೆ. ಹಾಗೆ ಬಗ್ಗಿದ ಕಡೆಯಿಂದ ತುರಿದರೆ ಕರಟ ಸಿಗುವುದಿಲ್ಲ, ಕಾಯಿ ಬೆಳ್ಳಗೆ ಹೂವಿನ ಹಾಗೆ ಬೀಳುತ್ತದೆ. ಇದನ್ನು ಹೇಳಿದರೆ ಇವರು ಆನ್‌ಲೈನಿನಲ್ಲಿ ಒಂದು ತುರಿಯುವ ಯಂತ್ರ ತರಿಸಿದರು. ಕಟ್ಟೆಗೆ ರಬ್ಬರಿನಿಂದ ಅಂಟಿಸಿ ಕೈಯಲ್ಲಿ ತಿರುಗಿಸುವುದು. ಎರಡು ಸುತ್ತು ತಿರುಗಿಸಿದೆ. ಯಂತ್ರ, ಕಾಯಿ, ನನ್ನ ಕೈ ಮೂರೂ ಒಟ್ಟಿಗೆ ಸಿಂಕಿಗೆ ಬಿದ್ದವು. ಅದರ ಪೆಟ್ಟಿಗೆ ಅಟ್ಟಕ್ಕೆ ಹೋಯಿತು. ಈಗ ಇಪ್ಪತ್ತು. ನಾಲ್ಕನೇ ಮಹಡಿಗೆ ಗೆದ್ದಲು ಹತ್ತಿ ಬರುತ್ತಿರಲಿಲ್ಲ. ಇಲ್ಲಿ ಮಣ್ಣಿನ ಗೆರೆ ಆಗಲೇ ಗೋಡೆಯಲ್ಲಿ ಅಟ್ಟದ ಅರ್ಧ ದಾರಿಗೆ ಬಂದಿದೆ. ನಾನು ನೋಡಿದ್ದೇನೆ. ಇವರಿಗೆ ಹೇಳಿಲ್ಲ. ಗೆದ್ದಲಿಗೂ ಹೊಟ್ಟೆ ಉಂಟಲ್ಲ.

ಫ್ಲಾಟಿನ ಬಗ್ಗೆ ನಾನು ಬೈದದ್ದು ಕಡಿಮೆಯಲ್ಲ. ಗಾಳಿ ಇಲ್ಲ, ಬಟ್ಟೆ ಒಣಗುವುದಿಲ್ಲ, ಮೇಲಿನವರು ರಾತ್ರಿ ಹನ್ನೊಂದಕ್ಕೆ ಮಂಚ ಎಳೆಯುತ್ತಾರೆ. ಬಾಲ್ಕನಿ ಮಾತ್ರ ಒಳ್ಳೆಯದಿತ್ತು. ಮಣಿಪಾಲ ಎತ್ತರದಲ್ಲಿ ಇರುವುದರಿಂದ ಪಶ್ಚಿಮಕ್ಕೆ ಉಡುಪಿ ದಾಟಿ ಸಮುದ್ರದ ತನಕ ಕಾಣುತ್ತಿತ್ತು. ಮಳೆ ಇಲ್ಲದ ತಿಂಗಳಲ್ಲಿ ರಾತ್ರಿ ದೂರದಲ್ಲಿ ಮೀನಿನ ಬೋಟುಗಳ ದೀಪ ಸಾಲಾಗಿ ಹೊಳೆಯುತ್ತಿತ್ತು. ಮದುವೆಯಾದ ಹೊಸತರಲ್ಲಿ ಕರೆಂಟು ಹೋದ ದಿನ ಅದನ್ನು ಎಣಿಸುತ್ತಾ ಕೂರುತ್ತಿದ್ದೆವು. ಇವರ ಲೆಕ್ಕ ಯಾವಾಗಲೂ ನನಗಿಂತ ನಾಲ್ಕು ಜಾಸ್ತಿ. ಕೀ ಕೊಟ್ಟು ಬರುವ ಮೊದಲು ಕೊನೆಯ ಸಲ ಹೋಗಿ ನಿಂತೆ. ಒಂದು ದೀಪವೂ ಇರಲಿಲ್ಲ. ಜೂನ್ 1ರಿಂದ 61 ದಿನ ಯಾಂತ್ರಿಕ ಮೀನುಗಾರಿಕೆಗೆ ರಜೆ, ಬೋಟುಗಳೆಲ್ಲ ಮಲ್ಪೆ ಬಂದರಿನಲ್ಲಿ. ಇವರೂ ಬಂದು ಪಕ್ಕದಲ್ಲಿ ನಿಂತರು. "ನಾಲ್ಕು ಉಂಟು" ಅಂದರು.

ಇಷ್ಟು ಬರೆದು ಚಹಾಕ್ಕೆ ನೀರಿಡಲು ಎದ್ದಿದ್ದೆ. ಫೋನ್ ಬಂತು. ಎದುರು ಫ್ಲಾಟಿನ ಮಾಮಿ.

ಹೊಸ ಮನೆ ಹೇಗುಂಟು, ಮಳೆ ಸೋರ್ತದಾ, ಬಾವಿ ನೀರು ಕೆಂಪಾ ಅಂತ ಎಲ್ಲ ಕೇಳಿ ಆಮೇಲೆ, "ಮತ್ತೆ ನಿನ್ನ ಹೆರೆಮಣೆ ಇಲ್ಲಿಯೇ ಉಂಟಲ್ಲ ಮಗಾ, ಯಾವಾಗ ಬರ್ತೀ?" ಅಂದರು.

ನನಗೆ ಮಾತೇ ಹೊರಡಲಿಲ್ಲ.

"ಪತ್ರೊಡೆಗೆ ಅಂತ ಶನಿವಾರ ತೆಗೊಂಡಿದ್ದೆ ಅಲ್ವಾ? ನನ್ನದರ ಹಲ್ಲು ಸವೆದು ಹೋಗಿತ್ತು. ನೀನೇ ತಂದು ಕೊಟ್ಟದ್ದು. ಸುಮ್ನೆ ಹೇಗೆ ವಾಪಸ್ ಕೊಡುವುದು ಅಂತ, ನೀನು ಬರುವ ದಿನ ಏನಾದರೂ ಮಾಡುವ ಅಂತ ಕಾಯ್ತಾ ಇದ್ದೆ. ನೀನು ಬರುವುದೇ ಇಲ್ಲ."

ಅಂದರೆ ಆ ದಿನ ಪೇಪರಿನ ಮೇಲೆ ಕೂತು ತಿಂದ ಪತ್ರೊಡೆಯ ಕಾಯಿ ತುರಿದದ್ದು ಅದರಲ್ಲೇ.

ಹಾಲ್‌ಗೆ ಬಂದೆ. ಇವರು ಪಾಪ ಇವತ್ತು ರಜೆ ಹಾಕಿ, 'ಇತರೆ'ಯ ಐದನೇ ಪೆಟ್ಟಿಗೆಯನ್ನು ಮೂರನೇ ಸಲ ನೆಲಕ್ಕೆ ಸುರಿದು ಹುಡುಕುತ್ತಿದ್ದರು. ಚಾರ್ಜರಿನ ವಯರುಗಳ ಮಧ್ಯದಿಂದ ತಲೆ ಎತ್ತಿ, "ಸಿಗ್ತದೆ, ಮನೆ ಬಿಟ್ಟು ಎಲ್ಲಿಗೆ ಹೋಗ್ತದೆ?" ಅಂದರು.

"ಹೌದು, ನೋಡಿ" ಅಂದೆ.

ನಾಳೆ ಇವರು ಆಫೀಸಿಗೆ ಹೋದ ಮೇಲೆ ಮಣಿಪಾಲಕ್ಕೆ ಹೋಗಬೇಕು. ಸ್ಕೂಟರಿನಲ್ಲಿ, ಮಳೆಯಲ್ಲಿ. ವಾಪಸ್ ಬರುವಾಗ ಮಾಷ್ಟ್ರ ಮನೆಯವರ ಕಣ್ಣಿಗೂ ಬೀಳಬಾರದು, ಅವರು ಇವರಿಗೆ ಹೇಳಿದರೆ ಮುಗಿಯಿತು. ಗಟ್ಟಿಯಾದ ಒಂದು ಪೆಟ್ಟಿಗೆ ಬೇಕಿತ್ತು. ಇವರು ಸ್ನಾನಕ್ಕೆ ಹೋದಾಗ ಏಣಿ ಇಟ್ಟು ಅಟ್ಟ ನೋಡಿ ಬಂದೆ. ಗ್ರೈಂಡರಿನದ್ದರಲ್ಲಿ ಉದ್ದ ಸಾಲದು. ಟೇಬಲ್ ಫ್ಯಾನಿನದ್ದು ಸರಿಯಾಗಿ ಹಿಡಿಯುತ್ತದೆ, ಥರ್ಮಾಕೋಲ್ ತೆಗೆದರೆ.