ಗಾಳಿ ಸುದ್ದಿ

ಅರಿವಳಿಕೆ ಕೊಡುವ ವೈದ್ಯರು ನನ್ನನ್ನು ಕೇಳಿದ ಕೊನೆಯ ಪ್ರಶ್ನೆ, "ಯಾವ ಊರು ಸಾರ್ ನಿಮ್ದು?" ಎಂಬುದು. ಕೈಯ ನರದೊಳಕ್ಕೆ ಹಾಲಿನಂತಹ ಬಿಳಿಯ ಔಷಧವೊಂದು ಚುರುಚುರು ಎನ್ನಿಸುತ್ತ ಇಳಿಯುತ್ತಿತ್ತು. "ತೀರ್ಥಹಳ್ಳಿ" ಎನ್ನಲು ಬಾಯಿ ತೆರೆದೆ. "ತೀರ್ಥ" ಬಂತು, "ಹಳ್ಳಿ" ಬರಲಿಲ್ಲ. ಅದು ಬಂದದ್ದು ಎರಡು ಗಂಟೆಯ ಮೇಲೆ, ಎಚ್ಚರವಾಗುವವರನ್ನು ಮಲಗಿಸುವ ಕೋಣೆಯಲ್ಲಿ, ಕಾಲಿಗೆ ಕಂಬಳಿ ಹೊದಿಸುತ್ತಿದ್ದ ಸಿಸ್ಟರ್ ಕಡೆ ತಿರುಗಿ ನಾನು ಗಟ್ಟಿಯಾಗಿ "ಹಳ್ಳಿ!" ಎಂದಾಗ. ಮಂಡ್ಯದ ಕಡೆಯ ಆ ಹುಡುಗಿ ಅದನ್ನು ತನಗೆ ಬೈದದ್ದೆಂದು ತಿಳಿದು ಮುಖ ಸಣ್ಣದು ಮಾಡಿಕೊಂಡಳಂತೆ. ನನ್ನ ಲೆಕ್ಕದಲ್ಲಾದರೋ ಅದು ಒಂದೇ ಉಸಿರಿನಲ್ಲಿ ಮುಗಿದ ಒಂದೇ ಪದ. ನಿದ್ದೆಯಿಂದ ಎದ್ದವನಿಗೆ ಹೊತ್ತು ಕಳೆದ ಅಂದಾಜಾದರೂ ಇರುತ್ತದೆ; ಇಲ್ಲಿ ಅದೂ ಇಲ್ಲ. "ತೀರ್ಥ"ಕ್ಕೂ "ಹಳ್ಳಿ"ಗೂ ನಡುವಿನ ಆ ಸಂದಿಯಲ್ಲಿ ಹೊಟ್ಟೆಗೆ ನಾಲ್ಕು ತೂತು ಕೊರೆದು, ನನ್ನ ಪಿತ್ತಕೋಶವನ್ನು ಹೊರಗೆ ತೆಗೆದು, ಅದರೊಳಗಿದ್ದ ಕಲ್ಲುಗಳನ್ನು ಹೆಂಡತಿಗೆ ತೋರಿಸಲೆಂದು ಪುಟ್ಟ ಬಾಟಲಿಯಲ್ಲಿ ತುಂಬಿಟ್ಟಿದ್ದರು.

ಎಚ್ಚರವಾದ ಮೇಲೆ ಮೊದಲು ಬಂದದ್ದು ನೋವಲ್ಲ, ಚಳಿ. ಅರಿವಳಿಕೆಯಲ್ಲಿ ಚರ್ಮದ ರಕ್ತನಾಳಗಳು ಹಿಗ್ಗಿ ಒಳಗಿನ ಬಿಸಿಯೆಲ್ಲ ಹೊರಗೆ ಸೋರಿಹೋಗುತ್ತದೆಯಂತೆ. ಮೊದಲ ಒಂದು ಗಂಟೆಯಲ್ಲೇ ಮೈಯ ಉಷ್ಣತೆ ಸುಮಾರು ಒಂದು ಡಿಗ್ರಿ ಇಳಿಯುವುದು ಸಾಮಾನ್ಯ. ಡಿಸೆಂಬರ್ ತಿಂಗಳ ಬೆಳಗ್ಗೆ ತುಂಗೆಯಲ್ಲಿ ಮುಳುಗೆದ್ದವನ ಹಾಗೆ ಹಲ್ಲು ಕಟಕಟ ಎನ್ನುತ್ತಿದ್ದವು. ಗಂಟಲು ಬೇರೆ ಸುಲಿದು ಹಾಕಿದಂತಿತ್ತು, ಏಕೆಂದರೆ ಉಸಿರಾಟಕ್ಕೆಂದು ಶ್ವಾಸನಾಳದೊಳಕ್ಕೆ ಒಂದು ಕೊಳವೆ ಇಳಿಸಿ, ನಾನು ಏಳುವ ಮೊದಲು ತೆಗೆದಿದ್ದರು. ಹೊಟ್ಟೆಯ ರೋಗಕ್ಕೆ ಬಂದವನು ಗಂಟಲು ನೋವೆಂದು ದೂರುವುದನ್ನು ಕೇಳಿ ಪಕ್ಕದ ಮಂಚದವರು, ಇವರಿಗೆ ತಪ್ಪು ಕಡೆ ಆಪರೇಷನ್ ಆಗಿರಬೇಕೆಂದು ಮಗನ ಕಿವಿಯಲ್ಲಿ ಪಿಸುಗುಟ್ಟಿದರಂತೆ.

ಆಮೇಲೆ ಓಕರಿಕೆ. ಇದು ಯಾರಿಗೆ ಹೆಚ್ಚು ಬರುತ್ತದೆಂಬುದನ್ನು ವೈದ್ಯರು ಮೊದಲೇ ಲೆಕ್ಕ ಹಾಕಿರುತ್ತಾರೆ: ಹೆಂಗಸರಿಗೆ, ಪ್ರಯಾಣದಲ್ಲಿ ವಾಂತಿ ಮಾಡುವವರಿಗೆ, ನೋವಿಗೆ ಅಫೀಮಿನ ಜಾತಿಯ ಔಷಧ ಪಡೆದವರಿಗೆ ಮತ್ತು ಬೀಡಿ ಸಿಗರೇಟು ಸೇದದವರಿಗೆ. ಕೊನೆಯದನ್ನು ಕೇಳಿ ನನಗೆ ನಿಜವಾಗಿಯೂ ಬೇಸರವಾಯಿತು. ಐವತ್ತೆಂಟು ವರ್ಷ ಒಂದು ಬೀಡಿಯನ್ನೂ ಮುಟ್ಟದೆ ಬಾಳಿದ್ದಕ್ಕೆ ಸಿಕ್ಕ ಫಲ ಇದು! ಇನ್ನು ಪ್ರಯಾಣದ ವಿಚಾರಕ್ಕೆ ಬಂದರೆ, ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳ ಪೈಕಿ ಆರನೆಯದನ್ನು ಬಸ್ಸಿನ ಕಿಟಕಿಯೊಳಗೆ ತಲೆ ಇಟ್ಟುಕೊಂಡು ದಾಟಿದ ದಾಖಲೆ ನನ್ನ ಹೆಸರಿನಲ್ಲಿಲ್ಲ.

ಮೊದಲ ಅರ್ಧ ಗಂಟೆಯಲ್ಲಿ ನಾನು ಆಡಿದ ಮಾತುಗಳೊಂದೂ ನನಗೆ ನೆನಪಿಲ್ಲ. ಔಷಧದ ಮಂಕಿನಲ್ಲಿ ಮಾತು ಹೊರಡುತ್ತದೆ, ನೆನಪು ಮಾತ್ರ ಅಚ್ಚಾಗುವುದಿಲ್ಲ. ಹೆಂಡತಿಯ ವರದಿಯ ಪ್ರಕಾರ ನಾನು ಗಂಟೆ ಎಷ್ಟೆಂದು ಹನ್ನೊಂದು ಸಲ ಕೇಳಿದೆನಂತೆ, ಸಿಸ್ಟರಿಗೆ "ಊಟ ಆಯ್ತಾ ತಾಯಿ?" ಎಂದು ನಾಲ್ಕು ಸಲ ವಿಚಾರಿಸಿದೆನಂತೆ, ಬಳಿಕ ಬಾಗಿಲಲ್ಲಿ ಎಳನೀರು ಹಿಡಿದು ನಿಂತಿದ್ದ ಭಾವಮೈದನನ್ನು ಹೆಸರು ಹಿಡಿದು ಕರೆದು, ಅವನು ಒಂಬತ್ತು ವರ್ಷಗಳ ಹಿಂದೆ ಪಡೆದ ಐದು ಸಾವಿರ ರೂಪಾಯಿ ಕೈಸಾಲದ ಬಗ್ಗೆ ಪ್ರಸ್ತಾಪಿಸಿದೆನಂತೆ. ಈ ಸಾಲದ ಸುದ್ದಿ ಆವರೆಗೆ ನನಗೂ ಅವನಿಗೂ ಮಾತ್ರ ಗೊತ್ತಿತ್ತು. ಅರಿವಳಿಕೆ ಸತ್ಯ ನುಡಿಸುವ ಔಷಧವೇನೂ ಅಲ್ಲ. ಮನೆಯ ಯಜಮಾನನಿಗಿಂತ ಮೊದಲು ನಾಲಿಗೆ ಎದ್ದುಬಿಡುತ್ತದೆ, ಅಷ್ಟೆ. ಆದರೆ ಅಷ್ಟು ವಿವರಣೆಗೆ ಹೆಂಡತಿ ತೃಪ್ತಳಾಗಲಿಲ್ಲ.

ಸಂಜೆಯ ಹೊತ್ತಿಗೆ ಬಲ ಭುಜದಲ್ಲಿ ಚಳಕು ಶುರುವಾಯಿತು. ಹೊಟ್ಟೆಯಲ್ಲಿ ನಾಲ್ಕು ತೂತು, ನೋವು ಭುಜಕ್ಕೆ! ಹೃದಯಾಘಾತವೇ ಇರಬೇಕೆಂದು ಮನಸ್ಸಿನಲ್ಲೇ ಉಯಿಲು ಬರೆಯತೊಡಗಿದ್ದಾಗ ಡ್ಯೂಟಿ ಡಾಕ್ಟರು ಬಂದು, ಪರೀಕ್ಷಿಸಿ, ಸಮಾಧಾನ ಹೇಳಿದರು. ಒಳಗೆ ಕ್ಯಾಮೆರಾ ಆಡಿಸಲು ಜಾಗ ಬೇಕೆಂದು ಹೊಟ್ಟೆಯನ್ನು ಇಂಗಾಲದ ಡೈ ಆಕ್ಸೈಡ್‌ನಿಂದ ಬಲೂನಿನಂತೆ ಉಬ್ಬಿಸಿರುತ್ತಾರೆ. ಆ ಅನಿಲ ಬೆಂಕಿ ಹತ್ತುವಂತಹದಲ್ಲ, ಬೇಗ ರಕ್ತದಲ್ಲಿ ಕರಗಿ ಉಸಿರಿನ ಮೂಲಕ ಹೋಗಿಬಿಡುತ್ತದೆ. ಹಾಗಾಗಿ ಅದನ್ನೇ ಆರಿಸಿಕೊಳ್ಳುತ್ತಾರೆ. ಉಳಿದ ಚೂರುಪಾರು ವಪೆಯ, ಎಂದರೆ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆಯ, ಕೆಳಗೆ ಕುಳಿತು ಅದನ್ನು ಕೆರಳಿಸುತ್ತದೆ. ವಪೆಯ ನರ ಹೊರಡುವುದು ಕುತ್ತಿಗೆಯಿಂದ, ಭುಜದ ನರಗಳು ಹೊರಡುವ ಜಾಗದಿಂದಲೇ. ಆದ್ದರಿಂದ ಮಿದುಳು ವಿಳಾಸ ತಪ್ಪಿ, ದೂರನ್ನು ಭುಜದ ಖಾತೆಗೆ ಜಮಾ ಮಾಡುತ್ತದೆ. ಮೂವತ್ತು ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದ ನನಗೆ ಇಂತಹ ತಪ್ಪು ಜಮೆಗಳು ಹೊಸವಲ್ಲ. ಓಡಾಡಿದರೆ ಒಂದೆರಡು ದಿನದಲ್ಲಿ ಸರಿಹೋಗುತ್ತದೆ ಎಂದರು.

ಹೀಗೆ ತುಂಬಿಸಿದ ಗಾಳಿಯ ಕಥೆ ಮುಗಿಯುವಷ್ಟರಲ್ಲಿ ಹೋಗಬೇಕಾದ ಗಾಳಿಯ ಕಥೆ ಆರಂಭವಾಯಿತು. ಅರಿವಳಿಕೆಗೂ ನೋವಿನ ಔಷಧಗಳಿಗೂ ಕರುಳು ಮಂಕಾಗಿ ಮಲಗಿರುತ್ತದೆ. ಅದು ಎದ್ದಿತೆಂಬುದಕ್ಕೆ ಸಾಕ್ಷಿ ಒಂದೇ. ಅದನ್ನು ನಮ್ಮ ಮನೆಯಲ್ಲಿ "ಅಪಾನವಾಯು" ಎಂದು ಗ್ರಂಥಸ್ಥವಾಗಿ ಹೇಳಲೂ ಸಂಕೋಚಪಡುತ್ತಿದ್ದೆವು. ನಾನಂತೂ ಮದುವೆ ಮನೆಗಳಲ್ಲಿ, ಸಭೆಗಳಲ್ಲಿ, ಒಮ್ಮೆ ಲೆಕ್ಕಪರಿಶೋಧಕರ ಎದುರಿಗೆ ಪೂರ್ತಿ ಎರಡು ಗಂಟೆ ಈ ವಿಷಯದಲ್ಲಿ ತಡೆದುಕೊಂಡು ಮಾನ ಉಳಿಸಿಕೊಂಡವನು. ಈಗ ನೋಡಿದರೆ ದೊಡ್ಡ ಡಾಕ್ಟರು ನಾಲ್ವರು ಕಿರಿಯರನ್ನು ಕಟ್ಟಿಕೊಂಡು ಬಂದು, ವಾರ್ಡಿಗೆಲ್ಲ ಕೇಳುವಂತೆ, "ಗ್ಯಾಸ್ ಪಾಸ್ ಆಯ್ತಾ?" ಎನ್ನುತ್ತಾರೆ. ಇಲ್ಲವೆಂದು ತಲೆಯಾಡಿಸಿದೆ. ಎಲ್ಲರೂ ಗಂಭೀರವಾಗಿ ಚೀಟಿಯಲ್ಲಿ ಬರೆದುಕೊಂಡರು. ಅಲ್ಲಿಯವರೆಗೆ ಗಂಜಿಯ ತಿಳಿ ಮಾತ್ರ ಎಂದು ಅಪ್ಪಣೆಯಾಯಿತು.

ಅಂದಿನಿಂದ, ಎಂದರೆ ಅಂದು ಸಂಜೆ ಆರರಿಂದ, ನನ್ನ ಸುತ್ತಲಿನ ಜಗತ್ತು ಒಂದೇ ಕಡೆ ಕಿವಿಗೊಟ್ಟು ಕುಳಿತಿತು. ನೋಡಲು ಬಂದವರು ನೋವು ಹೇಗಿದೆಯೆಂದು ಕೇಳಲಿಲ್ಲ, "ಹೋಯ್ತಾ?" ಎಂದರು. ಪಕ್ಕದ ಮಂಚದವರ ಅತ್ತೆ ಓಂಕಾಳಿನ ಕಷಾಯದ ಮಹಿಮೆಯನ್ನು ವರ್ಣಿಸಿದರು. ಸಿಸ್ಟರು ಮೂರು ಚೆಂಡುಗಳಿರುವ ಪ್ಲಾಸ್ಟಿಕ್ ಉಪಕರಣವೊಂದನ್ನು ಕೈಗೆ ಕೊಟ್ಟಾಗ, ಇದೂ ಆ ಉದ್ದೇಶಕ್ಕೇ ಎಂದು ತಿಳಿದು ಜೀವ ಹೋಗುವಂತೆ ಊದಿದೆ, ಚೆಂಡುಗಳು ಅಲ್ಲಾಡಲಿಲ್ಲ. ಅದು ಶ್ವಾಸಕೋಶಕ್ಕೆಂದೂ, ಊದುವುದಲ್ಲ, ಎಳೆಯಬೇಕೆಂದೂ ಆಮೇಲೆ ತಿಳಿಯಿತು. ಭಾವಮೈದನಂತೂ ಪ್ರಾಯಶ್ಚಿತ್ತಕ್ಕೋ ಎಂಬಂತೆ ರಾತ್ರಿ ಅಲ್ಲೇ ಉಳಿದು, ನನ್ನ ತೋಳು ಹಿಡಿದು, ಕಾರಿಡಾರಿನ ಈ ತುದಿಯಿಂದ ಆ ತುದಿಗೆ ಏಳು ಸಲ ನಡೆಸಿದ.

ರಾತ್ರಿ ಮೂರು ಗಂಟೆ ಇಪ್ಪತ್ತು ನಿಮಿಷ. ಎಲ್ಲರೂ ಮಲಗಿದ್ದಾರೆಂದುಕೊಂಡಿದ್ದೆ. ಹೊಟ್ಟೆಯಲ್ಲಿ ದೂರದ ಗುಡುಗಿನಂತೆ ಏನೋ ಉರುಳಿ, ಘಟನೆ ನಡೆದುಹೋಯಿತು. ಶಬ್ದವೂ ಸಂದರ್ಭಕ್ಕೆ ತಕ್ಕ ಹಾಗೇ ಇತ್ತು. ನೆಲದ ಮೇಲೆ ಚಾಪೆ ಹಾಸಿ ಮಲಗಿದ್ದ ಹೆಂಡತಿ ಥಟ್ಟನೆ ಎದ್ದು ಕುಳಿತು, "ರೀ, ನಿಮ್ದೇನಾ?" ಎಂದಳು. ಹೌದೆಂದೆ. ಕೈ ಮುಗಿದು ಮನೆದೇವರನ್ನು ನೆನೆದಳು. ಪರದೆಯಾಚೆಯಿಂದ "ಅಂತೂ ಆಯ್ತಲ್ಲ ಸಾರ್, ಒಳ್ಳೇದಾಯ್ತು" ಎಂಬ ಧ್ವನಿ ಕೇಳಿತು. ಕುರ್ಚಿಯಲ್ಲಿ ತೂಕಡಿಸುತ್ತಿದ್ದ ಭಾವಮೈದ ಕಣ್ಣುಜ್ಜಿಕೊಂಡು, "ಬರ್ಬೇಕಾದ್ದು ಬಂತಲ್ಲ ಭಾವ, ಇನ್ನು ಚಿಂತೆ ಇಲ್ಲ" ಎಂದ.

"ನಿನ್ನ ಐದು ಸಾವಿರ ಯಾವಾಗ ಬರತ್ತೆ?" ಎಂದಳು ಅವನ ಅಕ್ಕ.

ಮಾರನೆಯ ದಿನ ಬೆಳಗ್ಗೆಯೇ ಬಿಡುಗಡೆಯಾಯಿತು. ಕೊಟ್ಟ ಸೂಚನೆಗಳ ಹಾಳೆಯಲ್ಲಿ, ಅರಿವಳಿಕೆಯ ನಂತರ 24 ಗಂಟೆ ವಾಹನ ಓಡಿಸಬಾರದು, ಮುಖ್ಯ ಕಾಗದಪತ್ರಗಳಿಗೆ ಸಹಿ ಹಾಕಬಾರದು ಎಂದಿತ್ತು. ನನಗೆ ಔಷಧ ಕೊಟ್ಟು ಇನ್ನೂ ಇಪ್ಪತ್ತೆರಡು ಗಂಟೆ ಕಳೆದಿತ್ತಷ್ಟೆ. ಇದನ್ನು ಓದಿ ಅರ್ಥಮಾಡಿಕೊಂಡಿದ್ದೇನೆಂದು ಕೆಳಗೆ ಸಹಿ ಹಾಕಲು ಹೇಳಿದರು. ಪೆನ್ನು ಹಿಡಿದು, ಇದಕ್ಕೆ ಸಹಿ ಹಾಕಿದರೆ ಇದನ್ನೇ ಮೀರಿದಂತೆ ಆಗುವುದಿಲ್ಲವೇ ಎಂದು ಯೋಚಿಸುತ್ತ ನಿಂತಿದ್ದೆ; ಅಷ್ಟರಲ್ಲಿ ತೀರ್ಥಹಳ್ಳಿಯಿಂದ ಅಮ್ಮನ ಫೋನು ಬಂತು.

"ಏನೋ, ಹೋಯ್ತಂತೆ?" ಎಂದಳು. "ಅಡಿಕೆ ಸುಲಿಯೋಕೆ ಬಂದವ್ರೆಲ್ಲ ಬೆಳಗ್ಗಿಂದ ಅದನ್ನೇ ಕೇಳ್ತಿದಾರೆ ಕಣೋ. ತಡಿ, ಹೇಳ್ಬಿಟ್ಟು ಬರ್ತೀನಿ."