ಸೋಫಾ ಸಂದಿಯ ಕೀಬೋರ್ಡ್

ಹಾಲ್‌ನ ಟಿವಿಗೆ ಗೇಮಿಂಗ್ ಪಿಸಿ ಕಟ್ಟಿಕೊಂಡ ಮನೆಯನ್ನು ಗುರುತು ಹಿಡಿಯಲು ಟಿವಿಯತ್ತ ನೋಡಬೇಕಾಗಿಲ್ಲ. ಸೋಫಾದ ಕುಶನ್ ಎತ್ತಿದರೆ ಸಾಕು. ಅಂಗೈಗಿಂತ ಸ್ವಲ್ಪ ದೊಡ್ಡದಾದ, ಪಕ್ಕಕ್ಕೊಂದು ಟಚ್‌ಪ್ಯಾಡ್ ಅಂಟಿಸಿಕೊಂಡ ವೈರ್‌ಲೆಸ್ ಕೀಬೋರ್ಡೊಂದು ಅಲ್ಲಿ ಮಗುಚಿ ಬಿದ್ದಿರುತ್ತದೆ. ಅದು ಅಲ್ಲಿ ಇರಬಾರದು ಎಂದು ಮನೆಯವರಿಗೆಲ್ಲ ಗೊತ್ತು. ಒಳಗೆತ್ತಿಡುವ ಧೈರ್ಯ ಮಾತ್ರ ಯಾರಿಗೂ ಇಲ್ಲ. ತಿಂಗಳಲ್ಲಿ ಎರಡೇ ಸಲ ಬೇಕಾಗುವ ವಸ್ತು ಅದು. ಆ ಎರಡು ಸಲವೂ ಅದರ ಬ್ಯಾಟರಿ ಸತ್ತಿರುತ್ತದೆ.

ಆಟಕ್ಕೆಂದೇ ಮಾಡಿದ ಕನ್ಸೋಲ್ ಇರುವ ಮನೆಯ ಕುಶನ್ ಎತ್ತಿದರೆ ಸಿಗುವುದು ಒಂದಿಷ್ಟು ಧೂಳು, ಒಂದು ಪೆನ್ನಿನ ಮುಚ್ಚಳ.

ಪಿಸಿಯೋ ಕನ್ಸೋಲೋ ಎಂಬ ಜಗಳದಲ್ಲಿ ಜನ ಮೊದಲು ತೆಗೆಯುವುದು ಶಕ್ತಿಯ ಮಾತು. ಅಲ್ಲಿ ಜಗಳಕ್ಕೆ ಜಾಗವೇ ಉಳಿದಿಲ್ಲ. 2013ರಲ್ಲಿ ಬಂದ ಪ್ಲೇಸ್ಟೇಷನ್ 4, ಎಕ್ಸ್‌ಬಾಕ್ಸ್ ಒನ್ ಎರಡರೊಳಗೂ ಕೂತದ್ದು ಎಎಂಡಿಯ ಎಕ್ಸ್86 ಪ್ರೊಸೆಸರು, ಅಂದರೆ ಪಿಸಿಯ ಕುಲದ್ದೇ. 2020ರ ಪ್ಲೇಸ್ಟೇಷನ್ 5ರಲ್ಲಿರುವುದೂ ಎಎಂಡಿಯದೇ ಎಂಟು ಕೋರಿನ ಝೆನ್ 2 ಪ್ರೊಸೆಸರು. ಜೊತೆಗೆ ಪ್ರೊಸೆಸರೂ ಗ್ರಾಫಿಕ್ಸೂ ಹಂಚಿಕೊಂಡು ಉಣ್ಣುವ 16 ಜಿಬಿ ಜಿಡಿಡಿಆರ್6 ಮೆಮೊರಿ. ಒಳ್ಳೆಯ ಗ್ರಾಫಿಕ್ಸ್ ಕಾರ್ಡಿರುವ ಪಿಸಿ ಇದನ್ನು ಸಲೀಸಾಗಿ ಹಿಂದಿಕ್ಕುತ್ತದೆ. ತೋಳ್ಬಲಕ್ಕೆ ಕೊರತೆಯಿಲ್ಲದ ಈ ಪೈಲ್ವಾನನಿಗೆ ಹಾಲ್‌ನಲ್ಲಿ ಕೂರುವ ರೀತಿ ಮಾತ್ರ ಬರುವುದಿಲ್ಲ.

ಅದರಲ್ಲೂ ಆ ಬಲದ ಬಹುಪಾಲು ಹಾಲ್‌ನಲ್ಲಿ ಕಣ್ಣಿಗೇ ಬೀಳುವುದಿಲ್ಲ. ಲೆಕ್ಕ ಹಾಕಿ. 55 ಇಂಚಿನ ಟಿವಿಯ ಅಗಲ ಹತ್ತಿರ ಹತ್ತಿರ 122 ಸೆಂ.ಮೀ. ಅದನ್ನು 4ಕೆಯ 3840 ಚುಕ್ಕಿಗಳಿಗೆ ಹಂಚಿದರೆ ಒಂದು ಚುಕ್ಕಿಯ ಪಾಲಿಗೆ 0.32 ಮಿ.ಮೀ. ಬರುತ್ತದೆ, 1080ಪಿ (ಅಡ್ಡಕ್ಕೆ 1920 ಚುಕ್ಕಿ) ಆದರೆ 0.63 ಮಿ.ಮೀ. ನೆಟ್ಟಗಿರುವ ಕಣ್ಣು ಬೇರೆ ಬೇರೆಯಾಗಿ ಗುರುತಿಸಬಲ್ಲದ್ದು ಸುಮಾರು ಒಂದು ಆರ್ಕ್‌ಮಿನಿಟ್, ಎಂದರೆ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ. ಸೋಫಾ ಮೂರು ಮೀಟರ್ ದೂರದಲ್ಲಿದ್ದರೆ ಅದು 0.87 ಮಿ.ಮೀ. ಆಗುತ್ತದೆ. 1080ಪಿಯ ಚುಕ್ಕಿಯೇ ಅದಕ್ಕಿಂತ ಸಣ್ಣದು! ಅಂಚುಗಳ ಮಿನುಗಾಟ, ತೆಳು ತಂತಿಗಳ ನಡುಕ ಇವೆಲ್ಲ ಕಾಣುವುದರಿಂದ ಸ್ವಲ್ಪ ಹೆಚ್ಚಿನ ರೆಸಲ್ಯೂಷನ್ ಇದ್ದರೆ ಒಳ್ಳೆಯದೇ, ಇಲ್ಲವೆನ್ನುವುದಿಲ್ಲ. ಆದರೆ ಆಟವನ್ನು 1440ಪಿಯಲ್ಲಿ ಓಡಿಸಿ, ಡಿಎಲ್‌ಎಸ್‌ಎಸ್ ಅಥವಾ ಎಫ್‌ಎಸ್‌ಆರ್ ಎಂಬ ಚಿತ್ರ ಹಿಗ್ಗಿಸುವ ತಂತ್ರದಿಂದ 4ಕೆಗೆ ಏರಿಸಿದರೆ ಸೋಫಾದಲ್ಲಿ ಕೂತವರಿಗೆ ವ್ಯತ್ಯಾಸ ತಿಳಿಯುವುದು ಕಷ್ಟ. ಕನ್ಸೋಲ್ ತಯಾರಕರು ಮೊದಲಿನಿಂದಲೂ ಬದುಕಿಕೊಂಡು ಬಂದಿರುವುದು ಈ ದೂರದ ಕೃಪೆಯಿಂದಲೇ.

ಅದೇ ದೂರ ಪಿಸಿಗೆ ಶಾಪವಾಗುತ್ತದೆ. ಅದರ ಅಕ್ಷರಗಳೆಲ್ಲ 60 ಸೆಂ.ಮೀ. ದೂರದ ಮೇಜಿಗೆಂದು ಅಳತೆ ಮಾಡಿದವು. ಸೋಫಾ ಅದರ ಐದು ಪಟ್ಟು ದೂರ. ವಿಂಡೋಸ್‌ನಲ್ಲಿ ಸ್ಕೇಲಿಂಗ್ ಶೇ. 300ಕ್ಕೆ ಏರಿಸಿದರೆ ಡೆಸ್ಕ್‌ಟಾಪ್ ಸರಿಹೋಗುತ್ತದೆ. ಮೇಜಿನ ಮಾನಿಟರ್ ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಆಟದ ಒಳಗಿನ ಬರಹ ಮಾತ್ರ ಜಪ್ಪಯ್ಯ ಅಂದರೂ ದೊಡ್ಡದಾಗುವುದಿಲ್ಲ.

ಇನ್ನು ಆನ್ ಮಾಡುವ ಕತೆ. ನನ್ನ ಮಟ್ಟಿಗೆ ಪಂದ್ಯ ಅರ್ಧಕ್ಕರ್ಧ ತೀರ್ಮಾನವಾಗುವುದು ಇಲ್ಲೇ. ಕನ್ಸೋಲಿನ ಕಂಟ್ರೋಲರ್‌ನ ನಡುವಿನ ಗುಂಡಿ ಒತ್ತಿದರೆ ಯಂತ್ರ ಏಳುತ್ತದೆ, ಟಿವಿ ಏಳುತ್ತದೆ, ಇನ್‌ಪುಟ್ ತಾನಾಗಿ ಬದಲಾಗುತ್ತದೆ. ಮಾಯವೇನಿಲ್ಲ. ಎಚ್‌ಡಿಎಂಐ ಕೇಬಲ್ಲಿನ 19 ಪಿನ್‌ಗಳಲ್ಲಿ ಹದಿಮೂರನೆಯದು ಸಿಇಸಿ ಎಂಬ ಮಾತುಕತೆಗೆ ಮೀಸಲು. 'ಏಳಪ್ಪಾ, ನನ್ನ ಕಡೆ ತಿರುಗು' ಎಂದು ಟಿವಿಗೆ ಹೇಳುವ ತಂತಿ ಅದು. ಪಿಸಿಯ ಸಾಮಾನ್ಯ ಗ್ರಾಫಿಕ್ಸ್ ಕಾರ್ಡುಗಳು ಆ ತಂತಿಯಲ್ಲಿ ಏನನ್ನೂ ಮಾತಾಡುವುದಿಲ್ಲ. ಸಾವಿರಾರು ಕೋಟಿ ಟ್ರಾನ್ಸಿಸ್ಟರ್ ಇರುವ ಕಾರ್ಡಿಗೆ ಟಿವಿ ಎಬ್ಬಿಸಲು ಬರುವುದಿಲ್ಲ ಎಂದರೆ ನಂಬುವುದು ಕಷ್ಟ, ಆದರೂ ಇರುವುದು ಹಾಗೆಯೇ. ಯುಎಸ್‌ಬಿಯಿಂದ ನಡೆಯುವ ಸಿಇಸಿ ಅಡಾಪ್ಟರನ್ನು ಕೇಬಲ್ಲಿನ ನಡುವೆ ಹಾಕಿದರೆ ಕೆಲಸ ಆಗುತ್ತದೆ. ಹಾಕುವ ಮುಂಚೆ ಅದು ಯಾವ ಎಚ್‌ಡಿಎಂಐ ಆವೃತ್ತಿಯನ್ನು ದಾಟಿಸುತ್ತದೆ ಎಂದು ನೋಡಿ. 2.0 ಮಾತ್ರವಾದರೆ ಟಿವಿ ತಾನಾಗಿ ಏಳುತ್ತದೆ, 4ಕೆ 120 ಹರ್ಟ್ಸ್ ಪೂರ್ಣ ಬಣ್ಣದ ಚಿತ್ರ ಮಲಗುತ್ತದೆ. ಕೆಲವು ಟಿವಿಗಳಿಗೆ ಮನೆಯ ನೆಟ್‌ವರ್ಕಿನ ಮೂಲಕವೇ ಆಜ್ಞೆ ಕಳಿಸುವ ಪುಟ್ಟ ಪ್ರೋಗ್ರಾಂಗಳಿವೆ. ಅದು ಇದಕ್ಕಿಂತ ವಾಸಿ.

ಪಿಸಿಯನ್ನು ನಿದ್ದೆಯಿಂದ ಎಬ್ಬಿಸುವುದು ಇನ್ನೊಂದು ಪ್ರಹಸನ. ಬ್ಲೂಟೂತ್ ಕಂಟ್ರೋಲರ್ ಬಹುತೇಕ ಪಿಸಿಗಳನ್ನು ಎಬ್ಬಿಸುವುದಿಲ್ಲ. ಪಿಸಿ ಮಲಗಿದಾಗ ಬ್ಲೂಟೂತ್ ರೇಡಿಯೋವೂ ಮಲಗಿರುತ್ತದೆ. ಯುಎಸ್‌ಬಿ ಡಾಂಗಲ್ (ಪಿಸಿಗೆ ಸಿಕ್ಕಿಸುವ ಪುಟ್ಟ ರಿಸೀವರ್) ಜೊತೆ ಬರುವ ಕೆಲವು ಕಂಟ್ರೋಲರ್‌ಗಳು ಎಬ್ಬಿಸುತ್ತವೆ, ಆದರೆ ಅದಕ್ಕೆ ಎರಡು ಕಡೆ ಅನುಮತಿ ಬೇಕು. ಡಿವೈಸ್ ಮ್ಯಾನೇಜರಿನಲ್ಲಿ ಆ ಡಾಂಗಲ್ಲಿಗೆ ಕಂಪ್ಯೂಟರ್ ಎಬ್ಬಿಸುವ ಹಕ್ಕು ಕೊಡಬೇಕು, ಬಯೋಸ್‌ನಲ್ಲಿ, ಅಂದರೆ ಮದರ್‌ಬೋರ್ಡಿನ ಸ್ವಂತ ಸೆಟಿಂಗ್ಸ್‌ನಲ್ಲಿ, ಇಆರ್‌ಪಿ ಎಂಬ ವಿದ್ಯುತ್ ಉಳಿತಾಯದ ಆಯ್ಕೆಯನ್ನು ಆಫ್ ಮಾಡಬೇಕು. ಇಆರ್‌ಪಿ ಆನ್ ಇದ್ದರೆ ಪಿಸಿ ಆಫ್ ಆದ ಮೇಲೆ, ಕೆಲವು ಬೋರ್ಡುಗಳಲ್ಲಿ ನಿದ್ದೆಯಲ್ಲೂ, ಯುಎಸ್‌ಬಿಗೆ ಕರೆಂಟೇ ಹೋಗುವುದಿಲ್ಲ. ಆಮೇಲೆ ಗುಂಡಿ ಎಷ್ಟು ಒತ್ತಿದರೇನು! ಎದ್ದ ಮೇಲೂ ಅದು ನೇರವಾಗಿ ಆಟಕ್ಕೆ ಬರುವುದಿಲ್ಲ, ಪಿನ್ ಕೇಳುತ್ತದೆ. ಕುಶನ್ ಎತ್ತುವ ಮೊದಲ ಸಂದರ್ಭ ಇದು. ಸೆಟಿಂಗ್ಸ್‌ನ ಸೈನ್-ಇನ್ ಪುಟದಲ್ಲಿ, ನಿದ್ದೆಯಿಂದ ಎದ್ದಾಗ ಮತ್ತೆ ಸೈನ್-ಇನ್ ಕೇಳುವುದನ್ನು 'ನೆವರ್' ಮಾಡಿ. ಅದೇ ಪುಟದಲ್ಲಿ, ವಿಂಡೋಸ್ ಹೆಲೋ (ಮುಖ, ಬೆರಳಚ್ಚು ಅಥವಾ ಪಿನ್) ಮೂಲಕ ಮಾತ್ರ ಒಳಬಿಡುವ ಆಯ್ಕೆಯನ್ನೂ ತೆಗೆಯಿರಿ. ಅದನ್ನು ತೆಗೆಯುವ ತನಕ ವಿಂಡೋಸ್‌ನ ನೆಟ್‌ಪ್ಲ್‌ವಿಜ್ (netplwiz) ಎಂಬ ಬಳಕೆದಾರರ ಕಿಟಕಿಯಲ್ಲಿ ಪಾಸ್‌ವರ್ಡ್ ಬೇಡವೆನ್ನುವ ಚೌಕವೇ ಕಾಣಿಸುವುದಿಲ್ಲ, ಎಷ್ಟೋ ಜನ ಅಲ್ಲೇ ಕೈಚೆಲ್ಲುತ್ತಾರೆ. ಆಮೇಲೆ ಆಟಗಳ ಅಂಗಡಿಯಾದ ಸ್ಟೀಮ್ ಶುರುವಾದ ಕೂಡಲೇ, ಟಿವಿ ಮತ್ತು ಕಂಟ್ರೋಲರಿಗೆಂದೇ ಮಾಡಿದ ಬಿಗ್ ಪಿಕ್ಚರ್ ಮೋಡ್‌ಗೆ ಹೋಗುವಂತೆ ಹೇಳಿಬಿಟ್ಟರೆ ಪಿಸಿ ಸ್ವಲ್ಪ ಮಟ್ಟಿಗೆ ಸಭ್ಯವಾಗಿ ಎದ್ದು ಬರುತ್ತದೆ.

ಸಭ್ಯತೆ ಎಷ್ಟು ಹೊತ್ತು ಅನ್ನುವುದು ಬೇರೆ ವಿಷಯ. ಒಂದು ಆಟ ತನ್ನದೇ ಲಾಂಚರ್ ತೆರೆದು ಹೊಸ ಷರತ್ತುಗಳನ್ನು ಒಪ್ಪಿಕೊಳ್ಳಿ ಎಂದಿತೋ, ಕಂಟ್ರೋಲರಿಗೆ ಕಾಣದ ಪುಟ್ಟ ಕಿಟಕಿಯೊಂದು ಆಟದ ಹಿಂದೆ ಅಡಗಿ ಕೂತಿತೋ, ಮತ್ತೆ ಕುಶನ್.

ಕಂಟ್ರೋಲರ್ ಆಗಾಗ ತಡವರಿಸಿದರೆ ಬಹಳ ಜನ ಕಂಟ್ರೋಲರನ್ನೇ ಬಯ್ಯುತ್ತಾರೆ. ತಪ್ಪು ಹೆಚ್ಚಾಗಿ ಪೆಟ್ಟಿಗೆಯ ಬೆನ್ನಲ್ಲಿರುತ್ತದೆ. ಮದರ್‌ಬೋರ್ಡಿನ ಜೊತೆ ಬಂದ ಎರಡು ಆಂಟೆನಾಗಳನ್ನು ತಿರುಗಿಸಿ ಕೂರಿಸದೆ ಡಬ್ಬದಲ್ಲೇ ಬಿಟ್ಟಿರುತ್ತಾರೆ. ಅವು ವೈಫೈಗೆ ಮಾತ್ರವಲ್ಲ, ಬ್ಲೂಟೂತಿಗೂ ಅವೇ ಕಿವಿ. ಎರಡನೇ ಕಾರಣ ಯುಎಸ್‌ಬಿ 3. ಅದರ ವೇಗದ ಸಂಕೇತದಿಂದ ಸೋರುವ ಗದ್ದಲ 2.4 ಗಿಗಾಹರ್ಟ್ಸ್ ಪಟ್ಟಿಯ ಮೇಲೇ ಬಂದು ಬೀಳುತ್ತದೆ. ಡಾಂಗಲ್ ಪಕ್ಕದಲ್ಲೇ ಯುಎಸ್‌ಬಿ 3 ಹಾರ್ಡ್‌ಡಿಸ್ಕ್ ಸಿಕ್ಕಿಸಿದ್ದರೆ ಕಂಟ್ರೋಲರಿನ ಮಾತು ಅದಕ್ಕೆ ಕೇಳಿಸದೇ ಹೋಗಬಹುದು. ಒಂದು ಮೀಟರಿನ ಎಕ್ಸ್‌ಟೆನ್ಷನ್ ವೈರ್ ಹಾಕಿ ಡಾಂಗಲ್ಲನ್ನು ಟಿವಿಯ ಮುಂದಕ್ಕೆ ತಂದಿಟ್ಟರೆ ರೋಗ ವಾಸಿಯಾಗುತ್ತದೆ.

ಚಿತ್ರದ ವಿಷಯದಲ್ಲಿ ಟಿವಿಯೂ ಪಿಸಿಯೂ 'ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು' ಎಂಬಂತೆ. ಕೇಬಲ್ಲನ್ನು ಮದರ್‌ಬೋರ್ಡಿಗೆ ಸಿಕ್ಕಿಸದೆ ಗ್ರಾಫಿಕ್ಸ್ ಕಾರ್ಡಿಗೇ ಸಿಕ್ಕಿಸಿದ್ದೀರಿ ಎಂದುಕೊಳ್ಳೋಣ (ನಗಬೇಡಿ, ತಪ್ಪು ಕಡೆ ಸಿಕ್ಕಿಸಿ ಆಟ ಯಾಕೆ ತೆವಳುತ್ತಿದೆ ಎಂದು ತಲೆ ಕೆರೆದುಕೊಳ್ಳುವವರು ಬಹಳ). ಟಿವಿ ಹಳೆಯ ಪ್ರಸಾರದ ಚಾಳಿಯಂತೆ ನಾಲ್ಕೂ ಅಂಚು ಕತ್ತರಿಸಿ ತೋರಿಸುತ್ತದೆ. ಇದಕ್ಕೆ ಓವರ್‌ಸ್ಕ್ಯಾನ್ ಎಂದು ಹೆಸರು, ಮದ್ದಿರುವುದು ಟಿವಿಯ ಪಿಕ್ಚರ್ ಸೈಜ್ ಮೆನುವಿನಲ್ಲಿ. ಆಮೇಲೆ ಕಪ್ಪಿನ ಜಗಳ. ಪಿಸಿ ಕಪ್ಪನ್ನು 0, ಬಿಳಿಯನ್ನು 255 ಎಂದು ಎಣಿಸುತ್ತದೆ, ಟಿವಿ ಲೋಕದಲ್ಲಿ ಅವು 16 ಮತ್ತು 235. ಪಿಸಿ ಪೂರ್ತಿ ಕಳಿಸಿ ಟಿವಿ ಅರೆಬರೆ ಲೆಕ್ಕ ಹಿಡಿದರೆ ಕತ್ತಲ ಗುಹೆಯೊಳಗಿನ ಶತ್ರು ಕಾಣುವುದೇ ಇಲ್ಲ, ತಿರುವುಮುರುವಾದರೆ ಕಪ್ಪೆಲ್ಲ ಬೂದು. ಕಾರ್ಡಿನ ಕಂಟ್ರೋಲ್ ಪ್ಯಾನೆಲ್‌ನಲ್ಲೂ ಟಿವಿಯ ಬ್ಲ್ಯಾಕ್ ಲೆವೆಲ್‌ನಲ್ಲೂ ಒಂದೇ ಆಯ್ಕೆ ಇರಬೇಕು, ಅಷ್ಟೇ. ಅಕ್ಷರದ ಅಂಚಿಗೆ ಬಣ್ಣ ಮೆತ್ತಿಕೊಂಡಂತೆ ಕಂಡರೆ ಟಿವಿಯಲ್ಲಿ ಆ ಇನ್‌ಪುಟ್‌ಗೆ 'ಪಿಸಿ' ಎಂದು ಹೆಸರು ಕೊಡಿ. ಹಲವು ಟಿವಿಗಳು ಆ ಹೆಸರು ನೋಡಿದ ಮೇಲೆಯೇ ಬಣ್ಣದ ಮಾಹಿತಿಯನ್ನು ಕುಗ್ಗಿಸದೆ ತೋರಿಸುತ್ತವೆ. ಕೊನೆಗೆ ಗೇಮ್ ಮೋಡ್, ಟಿವಿ ತನ್ನ ಅಲಂಕಾರ ಬಿಟ್ಟು ಚಿತ್ರವನ್ನು ಬೇಗ ತೋರಿಸುವ ಆಯ್ಕೆ. ಕನ್ಸೋಲ್ ಬಂದಾಗ ಹೊಸ ಟಿವಿಗಳು ತಾವಾಗಿ ಅದಕ್ಕೆ ಹೊರಳುತ್ತವೆ, ಪಿಸಿಯ ವಿಷಯದಲ್ಲಿ ಅದನ್ನು ನಂಬಿಕೊಂಡು ಕೂರುವಂತಿಲ್ಲ. 60 ಎಫ್‌ಪಿಎಸ್‌ನಲ್ಲಿ (ಸೆಕೆಂಡಿಗೆ 60 ಫ್ರೇಮ್) ಒಂದು ಫ್ರೇಮ್ ಅಂದರೆ 16.7 ಮಿಲಿಸೆಕೆಂಡ್. ಟಿವಿ ತನ್ನ ಅಲಂಕಾರಕ್ಕೆಂದು ಐದಾರು ಫ್ರೇಮ್ ತಿಂದುಬಿಟ್ಟರೆ ಎಷ್ಟು ದುಬಾರಿ ಕಾರ್ಡಿದ್ದರೂ ನೀವು ಗುಂಡಿ ಒತ್ತಿದ ಮೇಲೆ ಹೀರೋ ಯೋಚಿಸಿ ಹಾರುತ್ತಾನೆ.

ಪೆಟ್ಟಿಗೆಯ ಮಾತು ಬೇಗ ಮುಗಿಸುತ್ತೇನೆ, ಅದು ಇಂಚುಪಟ್ಟಿಯ ಕೆಲಸ. ಮಿನಿ-ಐಟಿಎಕ್ಸ್ ಎಂಬ ಪುಟ್ಟ ಮದರ್‌ಬೋರ್ಡು 17 ಸೆಂ.ಮೀ. ಚೌಕ, ಎಸ್‌ಎಫ್‌ಎಕ್ಸ್ ಎಂಬ ಸಣ್ಣ ಪವರ್ ಸಪ್ಲೈ 125, 100, 63.5 ಮಿ.ಮೀ. ಅಳತೆಯದು. ತೊಂದರೆ ಕೊಡುವುದು ಕಾರ್ಡು. ಅದರ ಉದ್ದ, ದಪ್ಪ ಅಳೆದವರು ಪವರ್ ಕೇಬಲ್ ಬಾಗುವ ಜಾಗ ಅಳೆಯಲು ಮರೆಯುತ್ತಾರೆ. 16 ಪಿನ್ನಿನ ಕನೆಕ್ಟರಾದರೆ 35 ಮಿ.ಮೀ. ನೇರವಾಗಿ ಬಂದ ಮೇಲೆಯೇ ಕೇಬಲ್ ಬಾಗಬೇಕು. ಶೋಕೇಸಿನ ಗಾಜಿನ ಬಾಗಿಲ ಹಿಂದೆ ಇಡಲೇಬೇಡಿ, ತಾನೇ ಊದಿದ ಬಿಸಿಗಾಳಿಯನ್ನು ತಾನೇ ಮತ್ತೆ ಎಳೆದುಕೊಂಡು ಅರ್ಧ ಗಂಟೆಯಲ್ಲಿ ಫ್ಯಾನ್ ಕಿರುಚತೊಡಗುತ್ತದೆ. ಕಾರ್ಡಿನ ಪವರ್ ಲಿಮಿಟನ್ನು ಶೇ. 80ಕ್ಕೆ ಇಳಿಸಿದರೆ ಕಳೆದುಕೊಳ್ಳುವ ವೇಗ ಸಾಮಾನ್ಯವಾಗಿ ಒಂದಂಕಿಯ ಶೇಕಡಾದಷ್ಟು. ಫ್ಯಾನಿನ ಸದ್ದು ತಗ್ಗಿದ್ದಕ್ಕೆ ಹಾಲ್‌ನಲ್ಲಿ ಸಿನಿಮಾ ನೋಡುವವರು ಮಾಡುವ ಆಶೀರ್ವಾದ ಅದಕ್ಕಿಂತ ದೊಡ್ಡ ಗಳಿಕೆ.

ಕನ್ಸೋಲಿನ ನಿಜವಾದ ಹೆಚ್ಚುಗಾರಿಕೆ ಇರುವುದು ಎಲ್ಲ ಯಂತ್ರಗಳೂ ಒಂದೇ ಅಚ್ಚಿನಲ್ಲಿ ಬರುವುದರಲ್ಲಿ. ಪರದೆಯ ಮೇಲಿನ ನೆರಳು, ನೀರು, ಬೆಂಕಿಗೆಲ್ಲ ಶೇಡರ್ ಎಂಬ ಪುಟ್ಟ ಪ್ರೋಗ್ರಾಂಗಳಿರುತ್ತವೆ. ಕನ್ಸೋಲಿಗೆ ಅವನ್ನು ಮೊದಲೇ ಸಿದ್ಧಮಾಡಿ ಆಟದ ಜೊತೆಗೇ ಕಳಿಸಬಹುದು. ಪಿಸಿಯಲ್ಲಿ ಯಾವ ಕಾರ್ಡೋ ಅದನ್ನು ನಡೆಸುವ ಯಾವ ಡ್ರೈವರೋ ಗೊತ್ತಿಲ್ಲವಾದ್ದರಿಂದ ಅಲ್ಲೇ ತಯಾರಾಗಬೇಕು. ಮೊದಲ ಸಲ ಸ್ಫೋಟವಾದಾಗ ಚಿತ್ರ ಗಕ್ಕನೆ ನಿಂತು ಮುಂದೆ ಹೋಗುವುದು, ಎರಡನೇ ಸಲ ಅದೇ ಸ್ಫೋಟ ನುಣ್ಣಗೆ ಸಾಗುವುದು ಇದರಿಂದಲೇ. ಆಟ ಶುರುವಿನಲ್ಲಿ ಶೇಡರ್ ತಯಾರಿಸುತ್ತಿದ್ದೇನೆ ಎಂದರೆ ದಯವಿಟ್ಟು ಕಾಯಿರಿ. ಡ್ರೈವರ್ ಬದಲಿಸಿದರೆ ಮತ್ತೆ ಕಾಯಬೇಕು. ಇದಕ್ಕೆ ಪ್ರತಿಯಾಗಿ ಪಿಸಿಯ ಬಳಿ ಇರುವುದು ಆಯ್ಕೆಯ ಸುಖ. ಆಟ 60ಕ್ಕೆ ಏರದೆ ಹೊಯ್ದಾಡುತ್ತಿದ್ದರೆ 120 ಹರ್ಟ್ಸ್ ಟಿವಿಯಲ್ಲಿ 40ಕ್ಕೆ ಬಿಗಿದು ನೋಡಿ. ಪ್ರತಿ ಫ್ರೇಮ್ ಸರಿಯಾಗಿ ಮೂರು ಸಲ ಮೂಡುತ್ತದೆ, 25 ಮಿಲಿಸೆಕೆಂಡಿಗೆ ಒಂದು. ಅದು 30ರ 33.3ಕ್ಕೂ 60ರ 16.7ಕ್ಕೂ ನಟ್ಟನಡುವೆ. ಕನ್ಸೋಲಿನಲ್ಲಿ ಈ ಸೌಲಭ್ಯ ಆಟ ಮಾಡಿದವರ ಮರ್ಜಿ.

ಹಾಲ್‌ನ ಪಿಸಿಗೆ ನಡತೆ ಕಲಿಸಲು ಹಟ ಹಿಡಿದದ್ದು ಸ್ಟೀಮ್‌ನ ಒಡೆಯ ವಾಲ್ವ್ ಕಂಪನಿ. 2012ರಲ್ಲಿ ಬಿಗ್ ಪಿಕ್ಚರ್ ತಂದಿತು, 2015ರ ನವೆಂಬರ್‌ನಲ್ಲಿ ಹಲವು ತಯಾರಕರ ಸ್ಟೀಮ್ ಮಷೀನ್‌ಗಳು ಬಂದವು. ಲಿನಕ್ಸ್ ಆಧಾರದ ಸ್ಟೀಮ್‌ಓಎಸ್‌ನಲ್ಲಿ ಓಡುವ ಆಟಗಳೇ ಕಡಿಮೆ ಇದ್ದುದರಿಂದ ಅವು ಮೂಲೆ ಸೇರಿದವು. 2018ರಲ್ಲಿ ವಿಂಡೋಸ್ ಆಟಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಪ್ರೋಟಾನ್ ಬಂತು, 2022ರಲ್ಲಿ ಕೈಯಲ್ಲಿ ಹಿಡಿದು ಆಡುವ ಸ್ಟೀಮ್ ಡೆಕ್. 2025ರ ನವೆಂಬರ್‌ನಲ್ಲಿ ಅದೇ ಕಂಪನಿ ಮತ್ತೆ ಸ್ಟೀಮ್ ಮಷೀನ್ ಘೋಷಿಸಿದಾಗ ಎಲ್ಲರೂ ಚರ್ಚಿಸಿದ್ದು ಅದರ 8 ಜಿಬಿ ಗ್ರಾಫಿಕ್ಸ್ ಮೆಮೊರಿಯನ್ನು. ನನ್ನ ಕಣ್ಣು ಹೋದದ್ದು ವಿವರಪಟ್ಟಿಯ ಒಂದೇ ಪದದ ಮೇಲೆ: ಸಿಇಸಿ. ಹದಿಮೂರನೇ ತಂತಿಗೆ ಕೊನೆಗೂ ಬಾಯಿ ಬಂತು. ಸದ್ಯ ಲಿನಕ್ಸ್ ದಾರಿಯಲ್ಲೂ ಮುಳ್ಳುಗಳಿವೆ. ಫೋರ್ಟ್‌ನೈಟ್, ವ್ಯಾಲರೆಂಟ್‌ನಂಥ ಆಟಗಳ ಆ್ಯಂಟಿ-ಚೀಟ್, ಅಂದರೆ ಮೋಸದಾಟ ತಡೆಯುವ ಕಾವಲು ಪ್ರೋಗ್ರಾಂ, ಅಲ್ಲಿ ಒಳಬಿಡುವುದಿಲ್ಲ. ಅವೇ ಮನೆಯ ಮುಖ್ಯ ಆಟಗಳಾದರೆ ವಿಂಡೋಸೇ ಗತಿ, ಇಲ್ಲವೇ ಕನ್ಸೋಲ್.

ಹಣದ ಲೆಕ್ಕದಲ್ಲಿ ಕನ್ಸೋಲ್ ಮೊದಲ ದಿನ ಗೆಲ್ಲುತ್ತದೆ, ಏಕೆಂದರೆ ಪೆಟ್ಟಿಗೆಯಲ್ಲಿ ಬಿಟ್ಟ ಲಾಭವನ್ನು ತಯಾರಕರು ಆಟಗಳಲ್ಲಿ ಹಿಡಿಯುತ್ತಾರೆ. ಪಿಸಿಯಲ್ಲಿ ಆನ್‌ಲೈನ್ ಆಡಲು ಚಂದಾ ಕಟ್ಟಬೇಕಿಲ್ಲ, ಹತ್ತು ವರ್ಷದ ಹಿಂದೆ ಕೊಂಡ ಆಟ ಹೊಸ ಕಾರ್ಡಿನಲ್ಲಿ ಇನ್ನೂ ಚೆನ್ನಾಗಿ ಓಡುತ್ತದೆ. ಎರಡನ್ನೂ ಕೂಡಿ ಕಳೆದು ನೋಡಬೇಕಾದದ್ದು ಆಡುವವರ ವರ್ಷದ ಖರ್ಚು. ಮೇಜಿನ ಪಿಸಿ ಈಗಾಗಲೇ ಇದ್ದರಂತೂ ಸುಲಭದ ದಾರಿಯೊಂದಿದೆ. ಪಿಸಿ ಒಳಕೋಣೆಯಲ್ಲೇ ಇರಲಿ, ಚಿತ್ರ ಮಾತ್ರ ಹಾಲಿಗೆ ಬರಲಿ. ಪಿಸಿಯಲ್ಲಿ ಚಿತ್ರ ಕಳಿಸುವ ಸನ್‌ಶೈನ್, ಟಿವಿಯ ಕಡೆ ಅದನ್ನು ಪಡೆಯುವ ಮೂನ್‌ಲೈಟ್ ಪ್ರೋಗ್ರಾಂ ಹಾಕಿ, 1080ಪಿ 60ಕ್ಕೆ 20 ಎಂಬಿಪಿಎಸ್ ಇಟ್ಟು ಶುರು ಮಾಡಿ. ಪಿಸಿಯಿಂದ ರೂಟರಿಗೆ ವೈರ್ ಇರಲೇಬೇಕು. ಎರಡೂ ತುದಿ ವೈಫೈ ಆದರೆ ಒಂದೇ ಗಾಳಿಯನ್ನು ಎರಡು ಸಲ ದಾಟುವ ಚಿತ್ರ ತೊದಲುತ್ತದೆ.

ಇಷ್ಟೆಲ್ಲ ಸರಿಮಾಡಿದ ಪಿಸಿ ಕನ್ಸೋಲಿಗೆ ಸಮವಾಗಿ ನಿಲ್ಲುತ್ತದೆಯೇ ಎಂದರೆ, ಸರಿಮಾಡಿದವರು ಮನೆಯಲ್ಲಿರುವಷ್ಟು ಹೊತ್ತು ಧಾರಾಳವಾಗಿ ನಿಲ್ಲುತ್ತದೆ. ಅವರು ಊರಲ್ಲಿಲ್ಲದ ದಿನಕ್ಕೆಂದೇ ಟಿವಿಯ ಪಕ್ಕದ ಗೋಡೆಗೆ ಒಂದು ಚೀಟಿ ಅಂಟಿರುತ್ತದೆ. ಒಂದು, ಟಿವಿ ಆನ್ ಮಾಡಿ. ಎರಡು, ಎಚ್‌ಡಿಎಂಐ 3. ಮೂರು, ಪೆಟ್ಟಿಗೆಯ ಮೇಲಿನ ಗುಂಡಿ, ಒಂದೇ ಸಲ. ನಾಲ್ಕು, ನೀಲಿ ಪರದೆ ಬಂದರೆ ಮುಟ್ಟಬೇಡಿ, ಅಪ್‌ಡೇಟ್ ಅದು. ಐದನೆಯದನ್ನು ಆಮೇಲೆ ಬೇರೆ ಪೆನ್ನಿನಲ್ಲಿ ಸೇರಿಸಿದ್ದಾರೆ: ಕೀಬೋರ್ಡ್ ಸೋಫಾದ ಎಡಗಡೆ ಕುಶನ್ ಕೆಳಗಿದೆ, ಬ್ಯಾಟರಿ ರಿಮೋಟಿನದ್ದು ತೆಗೆದು ಹಾಕಿ.